ಟೈರ್ ಕೊಯ್ದವರು ಯಾರು?

ಕಿರಿದಾದ ಬೀದಿ, ಮನೆಗೊಂದು ಗಾಡಿ. ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡದ ಬೀದಿ ಎಲ್ಲಾದರೂ ಉಂಟೇ? ಈ ಕಥೆ ಶುರುವಾದದ್ದೂ ಅಂಥದೇ ಒಂದು ಜಗಳದಿಂದ.

ಬೀದಿಯ ತಿರುವಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಫೋಟೋ ತೆಗೆಯಲು ಅವನೇ ಬೇಕು. ಬೀದಿಯವರು ಅವನ ಹೆಸರು ಮರೆತು ಫ್ಲ್ಯಾಶ್ ಎಂದೇ ಕರೆಯುತ್ತಿದ್ದರು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಮನೆಯಲ್ಲಿ ಹೆಂಡತಿ ಮತ್ತು ಎರಡನೇ ತರಗತಿಯಲ್ಲಿ ಓದುವ ಮಗಳು.

ಫ್ಲ್ಯಾಶ್‌ಗೆ ತನ್ನ ಪುಟ್ಟ ಕೆಂಪು ಕಾರೆಂದರೆ ಪ್ರಾಣ. ಗಿಡ್ಡ ಸ್ಪ್ರಿಂಗ್ ಹಾಕಿಸಿ ಅದನ್ನು ನೆಲಕ್ಕೆ ತಗ್ಗಿಸಿದ್ದ. ತಗ್ಗಿಸಿದ ಮೇಲೆ ಕಂಪನಿ ಕೊಟ್ಟ ಚಕ್ರಗಳು ಅವನ ಕಣ್ಣಿಗೆ ಸಣಕಲಾಗಿ ಕಂಡವು. ಒಂದು ಅಂಗಡಿಗೆ ಹೋಗಿ ಅಗಲವಾದ ಹೊಳೆಯುವ ಚಕ್ರಗಳನ್ನು ಹಾಕಿಸಿಕೊಂಡು ಬಂದ. ಚಕ್ರಗಳು ಈಗ ಕಾರಿನ ಮೈಗೆ ಸಮನಾಗಿ, ಸ್ವಲ್ಪ ಹೊರಗೇ ಬಂದು ನಿಂತವು. ಇದು ಈ ಕಾರಿಗೆ ಆಗುತ್ತದೆಯೇ ಎಂದು ಅವನು ಕೇಳಿದ್ದಕ್ಕೆ ಅಂಗಡಿಯವನು, ಬೋಲ್ಟ್ ಕೂತಿದೆಯಲ್ಲ, ಇನ್ನೇನು ಎಂದಿದ್ದ. ಖಾಲಿ ಕಾರನ್ನು ಅಂಗಡಿಯ ಮುಂದೆಯೇ ಒಂದು ಸುತ್ತು ಓಡಿಸಿ ತೋರಿಸಿದ್ದ.

ಪಕ್ಕದಲ್ಲಿ ಒಬ್ಬ ಬಡಗಿಯ ಕೆಲಸದ ಮನೆ. ವಯಸ್ಸಾದ ಮನುಷ್ಯ, ದಪ್ಪ ಮೈ, ಮಾತು ಕಡಿಮೆ. ಫ್ಲ್ಯಾಶ್‌ನ ಮಗಳು ಶಾಲೆ ಬಿಟ್ಟ ಮೇಲೆ ಅಲ್ಲಿಯೇ ಹೋಗಿ ಕೂರುತ್ತಿದ್ದಳು. ಬಡಗಿ ತಾತ ಕೊಟ್ಟ ಮರದ ತುಂಡುಗಳಿಂದ ಮನೆ ಕಟ್ಟುತ್ತಿದ್ದಳು.

ಒಂದು ದಿನ ಫ್ಲ್ಯಾಶ್ ಕಾರನ್ನು ಬಡಗಿಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ. ಹಲಗೆ ಒಳಗೆ ಸಾಗಿಸಲು ಆಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಬಡಗಿ, "ಇಲ್ಲಿ ನಿಲ್ಲಿಸಿದ್ರೆ ಕಾರಿಗೆ ಏನಾದ್ರೂ ಆದೀತು. ಆಮೇಲೆ ನನ್ನನ್ನ ಕೇಳಬೇಡ" ಎಂದ. ಹಲಗೆ ತಗುಲಿ ಬಣ್ಣ ಹೋದೀತು ಎಂಬುದು ಅವನ ಮಾತಿನ ಅರ್ಥ. ಫ್ಲ್ಯಾಶ್‌ನ ಕಿವಿಗೆ ಅದು ಬೆದರಿಕೆಯಾಗಿ ಕೇಳಿಸಿತು.

ಅದಾಗಿ ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಕಾರು ಒರೆಸುವಾಗ ಫ್ಲ್ಯಾಶ್‌ಗೆ ಹಿಂದಿನ ಎಡ ಟೈರಿನ ಹೊರಮಗ್ಗುಲಲ್ಲಿ ಒಂದು ಗೀರು ಕಂಡಿತು. ಉದ್ದಕ್ಕೆ, ನೇರವಾಗಿ, ಹರಿತವಾದ ಅಲಗಿನಿಂದ ಎಳೆದ ಹಾಗೆ. ಬೆರಳಿಟ್ಟು ನೋಡಿದ. ತಲೆಯೆತ್ತಿ ನೋಡಿದರೆ ಎದುರಿಗೆ ಬಡಗಿಯ ತೆರೆದ ಬಾಗಿಲು. ಒಳಗೆ ಗೋಡೆಯ ಮೇಲೆ ಸಾಲಾಗಿ ಉಳಿಗಳು.

ಅನುಮಾನಕ್ಕೆ ಅಷ್ಟು ಸಾಕಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. ಬಡಗಿ ಉಳಿ ಮಸೆದರೆ ಅದು ತನ್ನ ಟೈರಿಗೇ. ಬಡಗಿ ಕೆಮ್ಮಿದರೆ ಅದು ತನ್ನನ್ನು ಅಣಕಿಸಲು. ನಗದಿದ್ದರೆ ತಪ್ಪು ಮಾಡಿದ ಮುಖ, ನಕ್ಕರೆ ಸೊಕ್ಕು. ಮತ್ತೊಂದು ಗೀರು ಕಂಡ ದಿನ ಮಗಳನ್ನು ಕರೆದು, ಇನ್ನು ಮೇಲೆ ಆ ಮನೆಗೆ ಕಾಲಿಡಕೂಡದು ಎಂದ. ಮಗು ಯಾಕೆಂದು ಕೇಳಿತು. ಅವನು ಹೇಳಲಿಲ್ಲ. ಹೆಂಡತಿಯೂ ಕೇಳಿದಳು. ಅವಳಿಗೆ ಮಾತ್ರ ಟೈರ್ ತೋರಿಸಿದ.

"ಕಣ್ಣಾರೆ ನೋಡಿದೀರಾ?" ಎಂದಳು ಅವಳು.

"ನೋಡ್ತೀನಿ, ಇರು" ಎಂದ.

ಫೋಟೋಗ್ರಾಫರ್ ಮನೆಯಲ್ಲಿ ಕ್ಯಾಮೆರಾಕ್ಕೆ ಬರವೇ? ಸ್ಟುಡಿಯೋದ ಕಿಟಕಿಯಲ್ಲಿ, ಪರದೆಯ ಮರೆಯಲ್ಲಿ ಒಂದನ್ನು ಕೂರಿಸಿದ. ಕಾರೂ ಕಾಣಬೇಕು, ಬಡಗಿಯ ಬಾಗಿಲೂ ಕಾಣಬೇಕು. ಎಷ್ಟೋ ದಿನ ಏನೂ ಸಿಗಲಿಲ್ಲ. ಬೆಕ್ಕೊಂದು ಬಾನೆಟ್ ಮೇಲೆ ಮಲಗಿ ಎದ್ದು ಹೋದದ್ದಷ್ಟೇ. ಆದರೂ ಟೈರಿನಲ್ಲಿ ಹೊಸ ಗೀರು ಬಿದ್ದಿತ್ತು. ಯಾರೂ ಬಂದಿಲ್ಲವೆಂದರೆ ಬಡಗಿಯೂ ಬಂದಿಲ್ಲ ಎಂದು ಹೆಂಡತಿ ಹೇಳಿದಳು. ಫ್ಲ್ಯಾಶ್ ಒಪ್ಪಲಿಲ್ಲ. ಕ್ಯಾಮೆರಾ ಇರುವುದು ಅವನಿಗೆ ಹೇಗೋ ಗೊತ್ತಾಗಿದೆ, ಅದರ ಕಣ್ಣು ತಪ್ಪಿಸಿ ಬಂದಿದ್ದಾನೆ ಎಂದು ವಾದಿಸಿದ.

ಕೊನೆಗೂ ಒಂದು ಸಂಜೆ ಕ್ಯಾಮೆರಾದಲ್ಲಿ ಅವನಿಗೆ ಬೇಕಾದ್ದು ಸಿಕ್ಕಿತು. ಅವನು ದೂರದ ಕಾರ್ಯಕ್ರಮವೊಂದನ್ನು ಮುಗಿಸಿ ಬಂದು ಕಾರು ನಿಲ್ಲಿಸಿ ಒಳಗೆ ಹೋಗಿದ್ದ. ಅಷ್ಟರಲ್ಲಿ ಬಡಗಿ ಬಾಗಿಲು ಹಾಕಿ ಹೊರಟಿದ್ದ. ಎರಡು ಹೆಜ್ಜೆ ನಡೆದವನು ನಿಂತ. ತಿರುಗಿ ಕಾರಿನ ಕಡೆ ಬಂದ. ಹಿಂದಿನ ಎಡ ಚಕ್ರದ ಹತ್ತಿರ ಬಗ್ಗಿದ. ಅವನ ಬೆನ್ನು ಅಡ್ಡವಾಗಿದ್ದರಿಂದ ಕೈ ಏನು ಮಾಡಿತೆಂದು ಕಾಣಲಿಲ್ಲ. ಎದ್ದು ಫ್ಲ್ಯಾಶ್ ಮನೆಯ ಕಿಟಕಿಯತ್ತ ನೋಡಿದ. ಸರಸರನೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ಫ್ಲ್ಯಾಶ್‌ನ ಅಕ್ಕ ಬಂದಳು. ಮರುದಿನ ಎಲ್ಲರೂ ಅದೇ ಕಾರಿನಲ್ಲಿ ನೆಂಟರ ಮದುವೆಗೆಂದು ದೂರದ ಊರಿಗೆ ಹೋಗುವುದಿತ್ತು. ಅಕ್ಕನದು ವಾಹನ ತಪಾಸಣೆ ಮಾಡುವ ಕೆಲಸ. ರಸ್ತೆಗೆ ಇಳಿಯಲು ಗಾಡಿ ಯೋಗ್ಯವೇ ಎಂದು ನೋಡಿ ಹೇಳುವವಳು. ತಮ್ಮ ಕಾರು ತಗ್ಗಿಸಿದ್ದು ಅವಳಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಹಾಗಾಗಿ ಹೊಸ ಚಕ್ರದ ಸುದ್ದಿಯನ್ನು ಅವನು ಅವಳಿಗೆ ಹೇಳಿರಲೇ ಇಲ್ಲ.

ಫ್ಲ್ಯಾಶ್ ವಿಡಿಯೊ ತೋರಿಸಿದ. ಈಗಲೇ ಪೊಲೀಸ್ ಠಾಣೆಗೆ ಹೋಗುತ್ತೇನೆ ಎಂದ. ಅಕ್ಕ ವಿಡಿಯೊವನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಕೇಳಿದಳು, "ಗೀರು ಬಿದ್ದಾಗೆಲ್ಲ, ಅದರ ಹಿಂದಿನ ದಿನ ಕಾರು ಎಲ್ಲಿಗೆ ಹೋಗಿತ್ತು?"

ಅವನು ಯೋಚಿಸಿದ. ಫೋಟೋ ತೆಗೆಯಲು ಹೋಗಿತ್ತು. ಡಿಕ್ಕಿ ತುಂಬ ಲೈಟು, ಸ್ಟ್ಯಾಂಡು, ಎಡಗಡೆಗೆ ಭಾರದ ಬ್ಯಾಟರಿ ಪೆಟ್ಟಿಗೆ. ಹಿಂದಿನ ಸೀಟಿನಲ್ಲಿ ಸಹಾಯಕರು.

"ಕಾರು ಮನೆ ಮುಂದೆಯೇ ಸುಮ್ಮನೆ ನಿಂತ ದಿನ?"

ಅಂಥ ದಿನ ಗೀರು ಬಿದ್ದದ್ದು ಅವನಿಗೆ ನೆನಪಾಗಲಿಲ್ಲ. ಆದರೂ ಸೋಲಲಿಲ್ಲ. ತಾನು ದಣಿದು ಬಂದು ಬೇಗ ಮಲಗುವ ದಿನವೇ ನೋಡಿ ಅವನು ಕೈಚಳಕ ತೋರಿಸುತ್ತಾನೆ ಎಂದ.

ಅಕ್ಕ ಹೊರಗೆ ಬಂದು ಮೊಣಕಾಲೂರಿ ಕೂತಳು. ಟೈರನ್ನು ಬಿಟ್ಟು ಅದರ ಮೇಲಿನ ಮಡ್‌ಗಾರ್ಡ್‌ನ ಕಮಾನಿನೊಳಗೆ ಕೈಹಾಕಿದಳು. ಬೆರಳನ್ನು ಅಂಚಿನ ಉದ್ದಕ್ಕೂ ಸರಿಸಿ ಹೊರಗೆ ತೆಗೆದಳು. ಬೆರಳ ತುದಿ ಕಪ್ಪಾಗಿತ್ತು. ರಬ್ಬರಿನ ಸಣ್ಣ ಎಳೆಯೊಂದು ಅಂಟಿಕೊಂಡಿತ್ತು.

"ಒಳಗಡೆ ಅಂಚು ನೋಡು. ಬಣ್ಣ ಹೋಗಿ ತಗಡು ಫಳಫಳ ಅಂತಿದೆ. ನಿನ್ನ ಟೈರ್ ಕೊಯ್ತಿರೋದು ಇದು."

ಫ್ಲ್ಯಾಶ್ ಬಗ್ಗಿಯೂ ನೋಡಲಿಲ್ಲ. ಕಾರು ತಗ್ಗಿಸಿದ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದೀಯ, ಒಡಹುಟ್ಟಿದವಳಾಗಿ ಹೊರಗಿನವನ ಪರ ನಿಂತಿದ್ದೀಯ ಎಂದು ಅವಳ ಮೇಲೇ ರೇಗಿದ. ಟೈರಿಗೂ ಅಂಚಿಗೂ ನಡುವೆ ಬೆರಳು ತೂರುವಷ್ಟು ಜಾಗವಿದೆ, ತಾಗುವುದಾದರೂ ಹೇಗೆ ಎಂದು ಕೇಳಿದ.

"ಖಾಲಿ ನಿಂತ ಕಾರು ಸುಳ್ಳು ಹೇಳುತ್ತೆ ಕಣೋ. ಭಾರ ಹಾಕಿ ನೋಡೋಣ" ಎಂದಳು ಅಕ್ಕ. "ತಾಗದಿದ್ರೆ ಠಾಣೆಗೆ ನಾನೇ ಬರ್ತೀನಿ."

ಹೆಂಡತಿಯೂ ಪಟ್ಟು ಹಿಡಿದಳು. ಅಕ್ಕ ಒಳಗಿನ ಅಂಚಿಗೆ ಬಿಳಿ ಪೇಪರ್ ಟೇಪ್ ಅಂಟಿಸಿದಳು. ಡಿಕ್ಕಿಗೆ ಸಾಮಾನು ತುಂಬಿದರು. ಹೆಂಡತಿ ಮುಂದೆ ಕೂತಳು, ಅಕ್ಕ ಹಿಂದೆ ಬಲಗಡೆ. ಹಿಂದೆ ಎಡಗಡೆಗೆ ಇನ್ನೊಬ್ಬರು ಬೇಕಿತ್ತು, ಅದೂ ಭಾರದವರು. ಅಕ್ಕ ಇಳಿದು ನೇರ ಬಡಗಿಯ ಬಾಗಿಲಿಗೆ ಹೋದಳು. ಏನು ಹೇಳಿದಳೋ, ಬಡಗಿ ಕೈ ಒರೆಸಿಕೊಳ್ಳುತ್ತಾ ಬಂದ. ಫ್ಲ್ಯಾಶ್ ಮುಖ ತಿರುಗಿಸಿಕೊಂಡ. ಬಡಗಿ ಬಗ್ಗಿ, ಉಸಿರು ಬಿಗಿಹಿಡಿದು, ಆ ಗಿಡ್ಡ ಕಾರಿನೊಳಗೆ ತೂರಿಕೊಂಡ. ಕಾರು ಎಡಕ್ಕೆ ಕುಸಿಯಿತು.

ನಡೆಯುವ ವೇಗಕ್ಕಿಂತ ಜಾಸ್ತಿ ಬೇಡ, ಬೀದಿ ದಾಟಬೇಡ ಎಂದು ಅಕ್ಕ ಮೊದಲೇ ಹೇಳಿದ್ದಳು. ಫ್ಲ್ಯಾಶ್ ಕನ್ನಡಿಯಲ್ಲಿ ಬಡಗಿಯ ಕೈಗಳನ್ನೇ ಗಮನಿಸುತ್ತಾ ಓಡಿಸಿದ. ಕೈಗಳು ತೊಡೆಯ ಮೇಲಿದ್ದವು. ಬೀದಿಯ ಹಂಪ್ ಬಂತು. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನ ಚಕ್ರ ಹತ್ತಿ ಇಳಿಯುವಾಗ ಎಡಗಡೆಯಿಂದ ಕರ್‌ರ್ ಎಂದು ಸದ್ದು ಬಂತು. ಫೋಟೋ ತೆಗೆಯಲು ಹೋದಾಗೆಲ್ಲ ಈ ಸದ್ದನ್ನು ಅವನು ಕೇಳಿದ್ದ. ಡಿಕ್ಕಿಯಲ್ಲಿ ಸ್ಟ್ಯಾಂಡ್ ಉರುಳಿತು ಎಂದುಕೊಂಡಿದ್ದ.

ಇಳಿದು ನೋಡಿದರೆ ಟೇಪ್ ಹರಿದು ಕಪ್ಪಾಗಿತ್ತು. ಟೈರಿನ ಮೇಲೆ ಹೊಚ್ಚ ಹೊಸ ಗೀರು. ಫ್ಲ್ಯಾಶ್ ಅದನ್ನು ಮುಟ್ಟಿದ. ಬೆಚ್ಚಗಿತ್ತು.

ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿದರು. ಅಕ್ಕ ಹಳೆಯ ಗೀರೊಂದನ್ನು ಹೆಬ್ಬೆರಳಿನಿಂದ ಅಗಲಿಸಿದಳು. ಒಳಗೆ ಟೈರಿಗೆ ಬಲ ಕೊಡುವ ನೂಲಿನ ಪದರ ಕಂಡಿತು. ಅವಳ ದನಿ ತಗ್ಗಿತು. "ನಾಳೆ ಹೆದ್ದಾರೀಲಿ, ಇಷ್ಟೂ ಜನ ಕೂತಿರುವಾಗ, ಇದು ಸಿಡಿಯೋದು."

ಫ್ಲ್ಯಾಶ್‌ನ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದ ಮಗಳತ್ತ ನೋಡಿದಳು.

"ಬೋಲ್ಟ್ ಸರಿಯಾಗೇ ಕೂತಿತ್ತಲ್ಲ ಅಕ್ಕಾ" ಎಂದ ಫ್ಲ್ಯಾಶ್. ಈಗ ಅವನ ಮಾತಿನಲ್ಲಿ ಜಗಳ ಇರಲಿಲ್ಲ.

ಅಕ್ಕ ಸ್ಟೆಪ್ನಿಯಾಗಿ ಉಳಿದಿದ್ದ ಕಂಪನಿಯ ಚಕ್ರವನ್ನು ಹೊಸದರ ಪಕ್ಕದಲ್ಲಿ ಮಲಗಿಸಿದಳು. ಬಡಗಿ ಕೇಳದೆಯೇ ತನ್ನ ಅಳತೆಪಟ್ಟಿ ತಂದುಕೊಟ್ಟ.

"ಬೋಲ್ಟ್ ಒಂದೇ ನೋಡಿದ್ರೆ ಸಾಲದು. ಎರಡು ಅಳತೆ ನೋಡಬೇಕು. ಮೊದಲನೇದು ಅಗಲ. ನಿನ್ನ ಹಳೇದು ಐದೂವರೆ ಇಂಚು, ಹೊಸದು ಏಳು. ಹೆಚ್ಚಾದ ಅಗಲ ಅರ್ಧ ಒಳಗಡೆ ಹೋಗುತ್ತೆ, ಅರ್ಧ ಹೊರಗಡೆ ಬರುತ್ತೆ. ಎರಡನೇದು ಆಫ್‌ಸೆಟ್. ಚಕ್ರದ ಅಗಲದ ಮಧ್ಯದಲ್ಲಿ ಒಂದು ಗೆರೆ ಇದೆ ಅಂದ್ಕೋ. ಬೋಲ್ಟ್ ಹಾಕೋ ಮುಖ ಆ ಗೆರೆಯಿಂದ ಹೊರಗಡೆಗೆ ಎಷ್ಟು ದೂರ ಇದೆಯೋ ಅದೇ ಆಫ್‌ಸೆಟ್. ಇಲ್ಲಿ ನೋಡು, ರಿಮ್ ಮೇಲೇ ಕೊರೆದಿದಾರೆ. ಹಳೇದು ನಲವತ್ತೈದು ಮಿಲಿಮೀಟರ್, ಹೊಸದು ಮೂವತ್ತು. ಈ ಸಂಖ್ಯೆ ಕಮ್ಮಿ ಆದಷ್ಟೂ ಚಕ್ರ ಹೊರಗೆ ಬರುತ್ತೆ."

ಅವಳು ಲೆಕ್ಕ ಹಾಕಿದಳು. ಅಗಲದಿಂದ ಹತ್ತೊಂಬತ್ತು, ಆಫ್‌ಸೆಟ್‌ನಿಂದ ಹದಿನೈದು. ಒಟ್ಟು ಮೂವತ್ತನಾಲ್ಕು ಮಿಲಿಮೀಟರ್ ಚಕ್ರ ಹೊರಗೆ ಬಂದಿದೆ. ಎರಡು ಬೆರಳಿನಗಲ. ಕಾರು ಎತ್ತರದಲ್ಲಿದ್ದಿದ್ದರೆ ತಪ್ಪಿಸಿಕೊಳ್ಳುತ್ತಿತ್ತೋ ಏನೋ. ತಗ್ಗಿಸಿದ ಕಾರಿನಲ್ಲಿ ಟೈರಿನ ಮೇಲೆ ಜಾಗವೇ ಇಲ್ಲ, ಭಾರ ಬಿದ್ದರೆ ಅಂಚು ನೇರ ಬಂದು ಟೈರಿನ ಮೇಲೆ ಕೂರುತ್ತದೆ. ಹೊರಗೆ ತಾಗುತ್ತದೆಂದು ತೀರಾ ಹೆಚ್ಚಿನ ಆಫ್‌ಸೆಟ್ ಹಾಕಿದರೂ ಕಷ್ಟವೇ, ಆಗ ಚಕ್ರ ಒಳಗೆ ಹೋಗಿ ಶಾಕ್ ಅಬ್ಸಾರ್ಬರ್‌ಗೆ ಉಜ್ಜುತ್ತದೆ. ಇದನ್ನೆಲ್ಲ ಅವಳು ಬೆರಳಿಟ್ಟು ತೋರಿಸುತ್ತಾ ಹೇಳಿದಳು.

ಫ್ಲ್ಯಾಶ್ ಎರಡೂ ರಿಮ್‌ಗಳ ಮೇಲಿನ ಸಂಖ್ಯೆಗಳನ್ನು ತಾನೇ ಓದಿ ನೋಡಿದ. ಆಮೇಲೆ, ಇನ್ನೂ ಉಳಿದಿದ್ದ ಒಂದೇ ಒಂದು ಅನುಮಾನವನ್ನು ನುಂಗಲಾರದೆ ಬಡಗಿಯನ್ನು ಕೇಳಿದ. "ಯಜಮಾನ್ರೇ, ಮತ್ತೆ ನಿನ್ನೆ ಸಂಜೆ ನೀವು ಇಲ್ಲಿ ಬಗ್ಗಿದ್ದು ಯಾಕೆ?"

"ರಬ್ಬರ್ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದೆ, ಟೈರಿಂದ ಎಳೆ ನೇತಾಡ್ತಿತ್ತು" ಎಂದ ಬಡಗಿ. "ನಿನಗೆ ಹೇಳೋಣ ಅಂತ ಕಿಟಕಿ ಕಡೆ ನೋಡಿದೆ. ಪರದೆ ಹಿಂದೆ ಕ್ಯಾಮೆರಾ ಕಾಣಿಸ್ತು. ನನ್ನ ಬಾಗಿಲಿಗೇ ಗುರಿ ಇಟ್ಟಿತ್ತು. ಮಗು ಯಾಕೆ ಬರೋದು ಬಿಟ್ಟಳು ಅಂತ ಆಗ ಗೊತ್ತಾಯ್ತು. ಹೇಳಿದ್ರೆ, ನಾನೇ ಕೊಯ್ದೆ ಅಂತ ನೀನು ತಿಳ್ಕೊಳ್ತಿದ್ದೆ. ಹೇಳದೆ ಹೋದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಕಣಪ್ಪ."

ಫ್ಲ್ಯಾಶ್‌ಗೆ ಮುಖ ಎತ್ತಲು ಆಗಲಿಲ್ಲ. ತಪ್ಪಾಯಿತು ಎಂದ. ಬಡಗಿ ಪರವಾಗಿಲ್ಲ ಎನ್ನಲಿಲ್ಲ. ಅಳತೆಪಟ್ಟಿ ಮಡಚಿಕೊಂಡು ಹೊರಟ. ಬಾಗಿಲ ಬಳಿ ನಿಂತು, ಮೊದಲು ಆ ಕ್ಯಾಮೆರಾ ತೆಗಿ, ಮಿಕ್ಕಿದ್ದು ಆಮೇಲೆ ಎಂದ. ಫ್ಲ್ಯಾಶ್ ಆ ಕ್ಷಣವೇ ಹೋಗಿ ತೆಗೆದ.

ಮದುವೆಗೆ ಎಲ್ಲರೂ ಬಸ್ಸಿನಲ್ಲಿ ಹೋಗಿ ಬಂದರು. ಕಾರು ಮನೆ ಮುಂದೆ ನಿಂತಿತ್ತು, ಆದರೆ ಬಡಗಿಯ ಬಾಗಿಲು ಬಿಟ್ಟು. ಊರಿಂದ ಬಂದ ಮೇಲೆ, ಹಿಂದಿನ ಎಡಗಡೆಗೆ ಸ್ಟೆಪ್ನಿ ಹಾಕಿ, ಗಂಡ ಹೆಂಡತಿ ಇಬ್ಬರೇ ಕಾರನ್ನು ನಿಧಾನಕ್ಕೆ ಓಡಿಸಿಕೊಂಡು ಚಕ್ರದ ಅಂಗಡಿಗೆ ಹೋದರು. ಈ ಸಲ ಪ್ರಶ್ನೆ ಕೇಳಿದವಳು ಹೆಂಡತಿ. ಅಗಲ ಎಷ್ಟು, ಆಫ್‌ಸೆಟ್ ಎಷ್ಟು, ಹಳೆಯದಕ್ಕಿಂತ ಎಷ್ಟು ಹೊರಗೆ ಬರುತ್ತದೆ, ಎಷ್ಟು ಒಳಗೆ ಹೋಗುತ್ತದೆ? ಅಂಗಡಿಯವನು ಇಬ್ಬರನ್ನೂ ಅನುಮಾನದಿಂದ ನೋಡಿ, ಇದನ್ನೆಲ್ಲ ಯಾರೂ ಕೇಳುವುದಿಲ್ಲ ಎಂದ. ನಾವು ಕೇಳುತ್ತೇವೆ ಎಂದಳು ಅವಳು. ಆರು ಇಂಚು ಅಗಲದ, ನಲವತ್ತು ಆಫ್‌ಸೆಟ್‌ನ ಚಕ್ರವನ್ನು ಹಾಕಿ ನೋಡಿದರು. ಹೊರಗೆ ಬಂದದ್ದು ಒಂದು ಬೆರಳಿನಗಲಕ್ಕೂ ಕಡಿಮೆ. ಡಿಕ್ಕಿ ತುಂಬಿಸಿ, ಸೀಟೆಲ್ಲ ತುಂಬಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಂಪ್ ಹತ್ತಿಸಿ ಇಳಿಸಿದರು. ಅಂಚಿಗೆ ಅಂಟಿಸಿದ ಟೇಪ್ ಬೆಳ್ಳಗೇ ಉಳಿಯಿತು. ಅದೇ ಚಕ್ರಗಳನ್ನು, ಹೊಸ ಟೈರುಗಳೊಂದಿಗೆ, ಇಟ್ಟುಕೊಂಡರು. ಬಡಗಿಯ ಮನೆಗೆ ಮಗಳನ್ನು ಫ್ಲ್ಯಾಶ್ ತಾನೇ ಕೈಹಿಡಿದು ಕರೆದುಕೊಂಡು ಹೋದ. ಅವನೊಂದಿಗೆ ಬಡಗಿ ಸಲೀಸಾಗಿ ಮಾತಾಡಲು ಇನ್ನೂ ಕೆಲವು ದಿನ ಹಿಡಿಯಿತು.

ನಿಮ್ಮ ಮನೆಯಲ್ಲೂ ತಗ್ಗಿಸಿದ ಕಾರು ಇದೆಯೇ? ಚಂದದ ಚಕ್ರ ಹಾಕಿಸುವ ಆಸೆ ಇದೆಯೇ? ಹಾಕಿಸಿ, ಯಾರು ಬೇಡ ಎಂದರು? ಆದರೆ ಬೋಲ್ಟ್ ಕೂತಿತು ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ಹಳೆಯ ಚಕ್ರದ ಅಗಲ, ಆಫ್‌ಸೆಟ್ ತಿಳಿದುಕೊಂಡು ಹೋಗಿ, ಹೊಸದರ ಜೊತೆ ಹೋಲಿಸಿ. ಭಾರ ತುಂಬಿಸಿ ಪರೀಕ್ಷೆ ಮಾಡದೆ ಅಂಗಡಿ ಬಿಡಬೇಡಿ. ಅಲ್ಲಿ ಗೊತ್ತಾಗದಿದ್ದರೆ ತಪಾಸಣೆ ಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಟೈರಿನ ಮೇಲೆ ಗೀರು ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಮೊದಲು ಮಡ್‌ಗಾರ್ಡ್‌ನ ಅಂಚಿನೊಳಗೆ ಕೈಹಾಕಿ ನೋಡಿ; ನೆರೆಯವರ ಬಾಗಿಲತ್ತ ಬೆರಳು ತೋರಿಸುವುದು ಆಮೇಲಿನ ಮಾತು.