ಬೆರಳಿಗೆ ತಿರುಗಿದ ಬೋಲ್ಟು

ಸ್ಪ್ಯಾನರ್ ಹಾಕುವ ಮೊದಲು ಬೋಲ್ಟು ಎಲ್ಲಿದೆಯೆಂದು ಬೆರಳಿನಿಂದ ತಡವಿ ನೋಡಿದ, ಅಷ್ಟೇ. ಬೋಲ್ಟು ಬೆರಳಿನ ಜೊತೆಗೇ ತಿರುಗಿತು.

ಲಾರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಡ್ರೈವರ್ ಚಕ್ಕನೆ ಕೈ ಹಿಂದಕ್ಕೆಳೆದುಕೊಂಡ. ತಾನೇನೋ ಮುಟ್ಟಬಾರದ್ದನ್ನು ಮುಟ್ಟಿದೆನೇ ಎಂದು ಮೊದಲು ಅನುಮಾನವಾಯಿತು. ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದವನು ಬೋಲ್ಟು ಬಿಚ್ಚಲು ಕೂತದ್ದು, ಕೂತದ್ದೇನು, ಮಲಗಿದ್ದು, ಇದೇ ಮೊದಲು. ಟಾರ್ಚನ್ನು ಹತ್ತಿರ ಹಿಡಿದು ಇನ್ನೊಮ್ಮೆ ಮುಟ್ಟಿದ. ಸಂಶಯಕ್ಕೆ ಜಾಗವೇ ಇರಲಿಲ್ಲ. ಎಂಜಿನ್ ಆಯಿಲ್ ತುಂಬಿದ ಚೇಂಬರಿನ ತಳದಲ್ಲಿ ಕಲ್ಲಿನಂತೆ ಬಿಗಿದಿರಬೇಕಾದ ಬೋಲ್ಟು ನೀರಿನ ಬಾಟಲಿಯ ಮುಚ್ಚಳದ ಹಾಗೆ ಸಲೀಸಾಗಿ ಆಡುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಪ್ಪು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಕಳೆದ ಸರ್ವಿಸ್ ಆದ ಐದು ತಿಂಗಳಿಂದ ಇದೇ ಬೋಲ್ಟಿನ ಮೇಲೆ ನಂಬಿಕೆಯಿಟ್ಟು ಅವನು ಜನರ ಮಂಚ, ಬೀರು, ಪಾತ್ರೆ ಪಗಡೆಗಳನ್ನೆಲ್ಲ ಊರಿಂದೂರಿಗೆ ಸಾಗಿಸಿದ್ದ.

"ಸಿಕ್ತೇನಯ್ಯಾ ಬೋಲ್ಟು?" ಹೊರಗಿನಿಂದ ಮೇಸ್ತ್ರಿಯ ದನಿ ಬಂತು.

"ಸಿಕ್ತು ಮೇಸ್ತ್ರಿ."

"ಬಿಗಿ ಇರುತ್ತೆ, ಹುಷಾರು. ನಾನು ಹಾಕಿದ ಬೋಲ್ಟು ಅಷ್ಟು ಸುಲಭಕ್ಕೆ ಬರಲ್ಲ. ಕಾಲು ಊರಿಕೊಂಡು ಎಳಿ."

ಡ್ರೈವರ್ ಬೋಲ್ಟನ್ನು ಬೆರಳಿನಿಂದ ಹಾಗೇ ಒತ್ತಿ ಹಿಡಿದ.

ಈ ಮೇಸ್ತ್ರಿ ಇಲ್ಲದಿದ್ದರೆ ಲಾರಿಯೂ ಇಲ್ಲ, ಡ್ರೈವರೂ ಇಲ್ಲ. ಮೂವತ್ತೈದು ವರ್ಷ ಗ್ಯಾರೇಜು ನಡೆಸಿದ ಮನುಷ್ಯ. ಊರಿನ ಅರ್ಧ ಗಾಡಿಗಳ ಕೆಮ್ಮು, ದಮ್ಮು, ಹೊಟ್ಟೆನೋವು ಎಲ್ಲವೂ ಅವರಿಗೆ ಗೊತ್ತು. ಅವರ ಶೆಡ್ಡಿನಲ್ಲಿ ಒಂದೇ ಒಂದು ಕಟ್ಟುಪಾಡು ಇತ್ತು: ಓಡಿಸುವವನು ಸ್ಪ್ಯಾನರ್ ಮುಟ್ಟಕೂಡದು. "ಓಡಿಸೋದು ನಿನ್ನ ಕೆಲಸ, ಬಿಚ್ಚೋದು ನನ್ನ ಕೆಲಸ. ಅಲ್ಲಿ ಹೋಗಿ ಕೂತ್ಕೊ" ಎಂದು ಹಳೇ ಟೈರಿನ ಕಡೆ ಕೈ ತೋರಿಸುತ್ತಿದ್ದರು. ಇಪ್ಪತ್ತೆಂಟು ವರ್ಷ ಡ್ರೈವರ್ ಆ ಟೈರಿನ ಮೇಲೆ ಕೂತು ಪೇಪರು ಓದಿದ್ದೇ ಬಂತು. ಮೂರು ತಿಂಗಳ ಹಿಂದೆ ಮೇಸ್ತ್ರಿ ಏಕಾಏಕಿ ಶೆಡ್ಡಿಗೆ ಬೀಗ ಹಾಕಿದರು. ಕೈ ನಡುಗುವ ಕಾಯಿಲೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದರೆ ಎಡಗೈಯೂ ನಡುಗುತ್ತಿತ್ತು.

ಹೆದ್ದಾರಿಯ ಹತ್ತಿರ ಹೊಸದಾಗಿ ದೊಡ್ಡ ವರ್ಕ್‌ಶಾಪ್ ಆಗಿತ್ತು. ಆದರೆ ಮೇಸ್ತ್ರಿ ಬದುಕಿರುವಾಗ ಗಾಡಿಯನ್ನು ಅಲ್ಲಿಗೆ ಒಯ್ಯಲು ಡ್ರೈವರಿಗೆ ಮನಸ್ಸು ಬರಲಿಲ್ಲ. ಎಂಜಿನ್ ಆಯಿಲ್ ಬದಲಿಸುವ ಸರ್ವಿಸಿನ ದಿನ ಮೀರುತ್ತಾ ಬಂದಾಗ ದಾರಿ ಹುಡುಕಿದವಳು ಹೆಂಡತಿ. "ಮೇಸ್ತ್ರಿ ಅಣ್ಣನ ಕೈ ತಾನೇ ಕೆಟ್ಟಿರೋದು, ತಲೆ ಕೆಟ್ಟಿಲ್ಲವಲ್ಲ. ಕರ್ಕೊಂಡು ಬನ್ನಿ. ಅವರು ಹೇಳ್ಲಿ, ನೀವು ಮಾಡಿ." ಹಾಗಾಗಿ ಈ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮ ಸ್ಪ್ಯಾನರ್ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಸಿಕೊಂಡು, ಮದುವೆ ಮನೆಗೆ ಬಂದವರ ಹಾಗೆ ಬಂದಿದ್ದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಎಂಜಿನ್ ಸ್ವಲ್ಪ ಬಿಸಿ ಮಾಡು, ಆಫ್ ಮಾಡು, ಹ್ಯಾಂಡ್‌ಬ್ರೇಕ್ ಎಳಿ, ಚಕ್ರಕ್ಕೆ ಕಲ್ಲು ಕೊಡು, ಬೋಲ್ಟಿನ ಕೆಳಗೆ ಟಬ್ ಇಡು ಎಂದು ಒಂದೊಂದಾಗಿ ಹೇಳುತ್ತಿದ್ದರು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ ಇತ್ತು. ಆ ಕಳೆಯನ್ನು ನೋಡಿಕೊಂಡೇ ಡ್ರೈವರ್ ಲಾರಿಯ ಕೆಳಗೆ ನುಸುಳಿದ್ದ.

ಈಗ ಏನು ಮಾಡುವುದು? ಇದು ತಾನಾಗಿ ಸಡಿಲಗೊಂಡ ಬೋಲ್ಟಲ್ಲ. ಕೈಯಲ್ಲಿ ಸುತ್ತಿ, ಸ್ಪ್ಯಾನರಿನಿಂದ ಬಿಗಿಯದೆ ಬಿಟ್ಟ ಬೋಲ್ಟು. ಹಾಗೆಂದು ಹೇಳಿದರೆ ಕುರ್ಚಿಯಲ್ಲಿ ಕೂತ ಜೀವ ಅಲ್ಲೇ ಕುಸಿಯುತ್ತದೆ. ಕೈ ಹೋಯಿತು, ಶೆಡ್ಡು ಹೋಯಿತು, ಉಳಿದಿರುವುದು ಹೆಸರೊಂದು. ಅದನ್ನೂ ತಾನೇ ಕಿತ್ತುಕೊಳ್ಳುವುದೇ?

"ಯಾಕಯ್ಯಾ, ಸದ್ದೇ ಇಲ್ಲ? ನಿದ್ದೆ ಹೋದ್ಯಾ?" ಎಂದರು ಮೇಸ್ತ್ರಿ. ಆಮೇಲೆ ಡ್ರೈವರಿನ ಹೆಂಡತಿಯ ಕಡೆ ತಿರುಗಿ, "ನೋಡಮ್ಮ ತಂಗಿ, ನನ್ನ ಕೈಯಿಂದ ಹೋದ ಎಂಜಿನ್ನು ನೆಲಕ್ಕೆ ಒಂದು ತೊಟ್ಟು ಆಯಿಲ್ ಉಗುಳಲ್ಲ" ಎಂದರು.

"ಅಯ್ಯೋ, ಏನ್ ಹೇಳ್ತೀರ ಅಣ್ಣಾ! ದಿನಾ ಬೆಳಿಗ್ಗೆ ಈ ಜಾಗ ಉಜ್ಜಿ ಉಜ್ಜಿ ನನ್ನ..."

"ಏಯ್, ಒಂದು ಬಟ್ಟೆ ಕೊಡೇ ಇಲ್ಲಿ!" ಡ್ರೈವರ್ ಕೆಳಗಿನಿಂದ ಕೂಗಿದ.

ಬಟ್ಟೆ ಹಿಡಿದು ಬಗ್ಗಿದ ಹೆಂಡತಿಗೆ ಅವನು ಕಣ್ಣಲ್ಲೇ ಬೇಡ ಎಂದ. ಅವಳು ಮುಖ ನೋಡಿದಳು, ಬೋಲ್ಟು ನೋಡಿದಳು. ಏನೂ ಅರ್ಥವಾಗದಿದ್ದರೂ ಇಪ್ಪತ್ತು ವರ್ಷದ ಸಂಸಾರ ಸುಮ್ಮನಲ್ಲ, ಬಾಯಿ ಮುಚ್ಚಿಕೊಂಡು ಎದ್ದಳು.

ಡ್ರೈವರ್ ಸ್ಪ್ಯಾನರನ್ನು ಬೋಲ್ಟಿಗೆ ಕಚ್ಚಿಸಿದ. ಹಲ್ಲು ಕಚ್ಚಿದ. "ಉಸ್ಸಪ್ಪಾ!" ಎಂದ. ಕಾಲನ್ನು ನೆಲಕ್ಕೆ ಕುಟ್ಟಿದ. ಇನ್ನೊಂದು ಕೈಯಿಂದ ಚಾಸಿಸ್ಸನ್ನು ಗುದ್ದಿದ. "ಏನ್ ಬಿಗಿ ಮೇಸ್ತ್ರಿ ಇದು! ಕೈಯೋ ಕಬ್ಬಿಣವೋ ನಿಮ್ಮದು!" ಹೀಗೆ ಒಂದೆರಡು ನಿಮಿಷ ನರಳಿ, ತಿರುಗಿಸಿ, ಮತ್ತೆ ನರಳಿ, ಕೊನೆಗೆ ಬೋಲ್ಟನ್ನು ಬಿಚ್ಚಿ ತೆಗೆದ. ಬಿಸಿ ಆಯಿಲ್ ಬುಳಬುಳನೆ ಟಬ್ಬಿಗೆ ಬಿತ್ತು. ಮೊಣಕೈವರೆಗೂ ಕಪ್ಪಾಯಿತು. ನಾಟಕದಲ್ಲಿ ಮೊದಲ ಸಲ ಪಾರ್ಟು ಹಾಕಿದವನಿಗೆ ಬರುವಂಥ ಖುಷಿ ಅವನಿಗೆ ಬಂತು. ಚಪ್ಪಾಳೆಯೊಂದು ಬಾಕಿ.

ಹೊರಗಿನಿಂದ ಮೇಸ್ತ್ರಿ, "ಮುಂದೆ ಫಿಲ್ಟರ್" ಎಂದಷ್ಟೇ ಅಂದರು.

ಮುಂದಿನ ಕೆಲಸವೆಲ್ಲ ಸರಾಗವಾಗಿ ಸಾಗಿತು. ಹಳೇ ಫಿಲ್ಟರ್ ಬಿಚ್ಚಿಸಿದರು, ಹೊಸದರ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿಸಿದರು, ಬೋಲ್ಟಿಗೆ ಹೊಸ ವಾಷರ್ ಹಾಕಿಸಿದರು. ಹೇಳಬೇಕಾದ್ದನ್ನು ಹೇಳುತ್ತಿದ್ದರು, ಆದರೆ ನಡುವೆ ಬರುತ್ತಿದ್ದ ತಮಾಷೆ ನಿಂತುಹೋಗಿತ್ತು. ಬೋಲ್ಟು ಹಾಕುವಾಗ ಮಾತ್ರ ಕುರ್ಚಿಯಿಂದೆದ್ದು ಲಾರಿಯ ಪಕ್ಕ ಬಂದು ಬಗ್ಗಿ ನಿಂತರು. "ಮೊದಲು ಬೆರಳಲ್ಲಿ ಸುತ್ತು. ಪೂರ್ತಿ ಕೂತ್ಕೊಳ್ತಾ? ಈಗ ಸ್ಪ್ಯಾನರ್ ಹಾಕು. ಎಳಿ. ಇನ್ನೂ ಸ್ವಲ್ಪ. ಸಾಕು." ಆ ಸಾಕು ಎಂಬ ಮಾತು ಅಪ್ಪಣೆಯಂತಿರಲಿಲ್ಲ. ಸುಸ್ತಾದವರು ಹೇಳಿದಂತಿತ್ತು.

ಹೊಸ ಆಯಿಲ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಸರಿಯಾಗಿ ಗೆರೆಯ ಹತ್ತಿರವೇ ಇತ್ತು. ಡ್ರೈವರಿಗೆ ಹಿಗ್ಗೋ ಹಿಗ್ಗು. ಹೆಂಡತಿ ಚಹಾ ತಂದಳು. ಮೇಸ್ತ್ರಿಗೆ ದೊಡ್ಡ ಲೋಟದಲ್ಲಿ ಕಾಲು ಭಾಗ ಮಾತ್ರ ಹಾಕಿದ್ದಳು. ತುಳುಕಿದರೂ ಚೆಲ್ಲಬಾರದೆಂದು. ಮೇಸ್ತ್ರಿ ಎರಡೂ ಕೈಯಲ್ಲಿ ಲೋಟ ಹಿಡಿದರು, ಕುಡಿಯಲಿಲ್ಲ.

"ಎಷ್ಟು ಸುತ್ತು ಸ್ಪ್ಯಾನರ್ ಹಾಕ್ದೆ?" ಎಂದರು.

"ಯಾವುದಕ್ಕೆ?"

"ಬಿಚ್ಚೋವಾಗ. ಚೇಂಬರ್ ಬೋಲ್ಟಿಗೆ."

ಡ್ರೈವರ್ ಹಿಂದೆಮುಂದೆ ನೋಡದೆ, "ಅಯ್ಯೋ, ಒಂದಾ ಎರಡಾ! ಹತ್ತು ಸುತ್ತಾದ್ರೂ ಆಗಿರಬೇಕು. ಕೊನೇ ತನಕ ಸ್ಪ್ಯಾನರಿಗೇ ಬಂತು. ಅಂಥಾ ಬಿಗಿ" ಎಂದ.

ಮೇಸ್ತ್ರಿ ನಕ್ಕರು. ಖುಷಿಯ ನಗೆಯಲ್ಲ ಅದು. "ಬಿಗಿ ಇರೋ ಬೋಲ್ಟು ಒಂದೇ ಸಲ ಟಕ್ ಅನ್ನುತ್ತೆ ಕಣಯ್ಯ. ಅಷ್ಟೇ. ಆಮೇಲೆ ಮಗು ಕೂಡ ಬೆರಳಲ್ಲಿ ಬಿಚ್ಚಬಹುದು. ನೀನು ಹೆರಿಗೆ ನೋವು ಬಂದವರ ಹಾಗೆ ಎರಡು ನಿಮಿಷ ನರಳ್ದೆ. ನಾನು ಕಿವಿ ಕೊಟ್ಟು ಕೂತಿದ್ದೆ. ಕೂಗಬೇಕಾಗಿದ್ದು ಬೋಲ್ಟು. ಕೂಗಿದ್ದು ನೀನು."

ಡ್ರೈವರಿನ ಮುಖ ಸಪ್ಪಗಾಯಿತು. ಒಂದೇ ಒಂದು ದಿನ ಬೋಲ್ಟು ಬಿಚ್ಚಿದ ಅನುಭವವಿದ್ದರೂ ಸಾಕಿತ್ತು, ಸುಳ್ಳು ನಿಲ್ಲುತ್ತಿತ್ತು. ಆ ಟೈರಿನ ಮೇಲೆ ಕೂತು ಪೇಪರು ಓದುವ ಬದಲು ಒಂದು ಸಲ ಕತ್ತು ಚಾಚಿ ನೋಡಿದ್ದರೂ ಸಾಕಿತ್ತು.

"ಸಡಿಲ ಇತ್ತಾ?" ಮೇಸ್ತ್ರಿ ಕೇಳಿದರು.

ಹೆಂಡತಿ ಗಂಡನ ಮುಖ ನೋಡಿದಳು.

"ಹೂಂ ಮೇಸ್ತ್ರಿ. ಮುಟ್ಟಿದ್ರೆ ತಿರುಗ್ತಿತ್ತು."

ಮೇಸ್ತ್ರಿ ಲೋಟವನ್ನು ನೆಲಕ್ಕಿಟ್ಟರು. "ಅವತ್ತು ಸ್ಪ್ಯಾನರ್ ಮೂರು ಸಲ ಕೈಯಿಂದ ಜಾರಿ ಎದೆ ಮೇಲೆ ಬಿತ್ತು. ನೀನು ಪೇಪರ್ ಓದ್ತಿದ್ದೆ. ಬೆರಳಲ್ಲಿ ಸುತ್ತಿ, ಸ್ವಲ್ಪ ಸುಧಾರಿಸಿಕೊಂಡು ಬಿಗಿ ಮಾಡೋಣ ಅಂತ ಹೊರಗೆ ಬಂದೆ. ಆಮೇಲೆ ಮಾಡ್ದೆ ಅಂತಲೇ ನನ್ನ ತಲೇಲಿ ಇತ್ತು. ಮಾಡಿದ್ದೀನಿ, ಮಾಡಿದ್ದೀನಿ ಅಂತ ನನಗೆ ನಾನೇ ಹೇಳ್ಕೊಂಡೆ."

"ಬಿಡಿ ಮೇಸ್ತ್ರಿ. ಏನೂ ಆಗಲಿಲ್ಲವಲ್ಲ. ಇದು ನಮ್ಮ ಮೂರು ಜನದಲ್ಲೇ ಇರುತ್ತೆ. ಈ ಅಂಗಳ ದಾಟಲ್ಲ. ನನ್ನಾಣೆ."

"ನಿನ್ನ ಗಾಡಿ ಆದಮೇಲೆ ಎರಡು ತಿಂಗಳು ಶೆಡ್ ತೆಗೆದಿದ್ದೆ" ಎಂದರು ಮೇಸ್ತ್ರಿ. "ಆರು ಗಾಡಿ ಮಾಡಿದ್ದೀನಿ. ಹಾಲಿನ ಟೆಂಪೋ. ಇಟ್ಟಿಗೆ ಲಾರಿ ಎರಡು. ಡಾಕ್ಟರ ಕಾರು. ತರಕಾರಿಯವನ ಪಿಕಪ್ಪು." ನಡುಗುವ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಿದ್ದರು. ಎರಡನೆಯ ಕೈಗೆ ಬಂದಾಗ ನಿಂತರು. "ಸ್ಕೂಲ್ ಮಕ್ಕಳ ವ್ಯಾನು. ಬ್ರೇಕ್ ಕೆಲಸ ಇತ್ತು. ಹಿಂದಿನ ಎರಡೂ ಚಕ್ರ ಬಿಚ್ಚಿ ಹಾಕಿದ್ದೀನಿ."

ಡ್ರೈವರ್ ಲಾರಿಯ ಕಡೆ ನೋಡಿದ. ದೊಡ್ಡ ಉಪಕಾರವೆಂದುಕೊಂಡು ತಾನು ಲಾರಿಯ ಕೆಳಗೆ ಆಡಿದ ನಾಟಕ ನಡೆದುಹೋಗಿದ್ದರೆ, ಮೇಸ್ತ್ರಿ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ನಾಳೆ ಸೋಮವಾರ, ಆ ವ್ಯಾನು ಎಂದಿನಂತೆ ಮಕ್ಕಳನ್ನು ತುಂಬಿಕೊಂಡು ಹೊರಡುತ್ತಿತ್ತು. ಪ್ರೀತಿಯಿಂದ ಹೇಳಿದ ಸುಳ್ಳು ಇಷ್ಟು ದೂರ ಹೋಗಬಲ್ಲದು ಎಂದು ಅವನಿಗೆ ಹೊಳೆದಿರಲೇ ಇಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ನಾನೇ ಹೋಗಿ ನೋಡ್ತೀನಿ" ಎಂದ. "ಈಗಲೇ. ಒಂದೊಂದು ನಟ್ಟೂ ಬಿಗಿ ಮಾಡ್ತೀನಿ. ದಾರೀಲಿ ಹೋಗ್ತಿದ್ದೆ, ಹಾಗೇ ನೋಡೋಣ ಅನ್ನಿಸ್ತು ಅಂತ ಏನಾದ್ರೂ ಹೇಳಿದ್ರಾಯ್ತು. ನಿಮ್ಮ ಹೆಸರು ಎತ್ತೋದೇ ಬೇಡ."

"ಮತ್ತೆ ನಾಟಕ ಆಡ್ತೀಯಾ?"

"ಅಲ್ಲ ಮೇಸ್ತ್ರಿ, ಊರು ಏನನ್ನುತ್ತೆ..."

"ಅಂದ್ಕೊಳ್ಳಲಿ. ಅವರಿಗೆ ಗೊತ್ತಾಗಬೇಕು. ಚಕ್ರ ಒಂದೇ ಅಲ್ಲ, ನಾನು ಕೈಯಿಟ್ಟ ಕಡೆಯೆಲ್ಲ ನೋಡಿಸಬೇಕಲ್ಲ ಅವರು. ನಿನ್ನ ಕೈಲಿ ಅದಾಗುತ್ತಾ? ಇವತ್ತು ತಾನೇ ಬೋಲ್ಟು ಬಿಚ್ಚೋದು ಕಲ್ತಿದೀಯ." ಮೇಸ್ತ್ರಿ ಅಂಗಿಯ ಜೇಬಿನಿಂದ ಫೋನ್ ತೆಗೆಯಲು ಹೋದರು. ಅದು ಜೇಬಿನ ಅಂಚಿಗೆ ಸಿಕ್ಕಿಕೊಂಡಿತು. ಹೆಂಡತಿ ತೆಗೆದುಕೊಟ್ಟಳು. ವ್ಯಾನಿನವನ ನಂಬರಿನ ಮೇಲೆ ಬೆರಳು ಕೂರಲಿಲ್ಲ, ಮೇಲೆ ಕೆಳಗೆ ಯಾರ್ಯಾರದೋ ಹೆಸರಿಗೆ ಹೋಯಿತು. ಡ್ರೈವರ್ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಫೋನ್ ಇಸಿದುಕೊಂಡ. ನಂಬರ್ ಒತ್ತಿ, ಮೇಸ್ತ್ರಿಯ ಕಿವಿಗೆ ಹಿಡಿದ.

ಎರಡನೇ ರಿಂಗಿಗೇ ವ್ಯಾನಿನವನು ಎತ್ತಿದ. ಅವನ ದನಿ ಅಂಗಳಕ್ಕೆಲ್ಲ ಕೇಳುವಷ್ಟು ದೊಡ್ಡದಿತ್ತು. "ಓಹೋ ಮೇಸ್ತ್ರಿ! ಏನ್ ಸಮಾಚಾರ? ಶೆಡ್ ಮತ್ತೆ ತೆಗೀತಿದ್ದೀರಾ? ನೀವಿಲ್ದೆ ನಮ್ಮ ಗಾಡಿ ಮುಟ್ಟೋರಿಗೇ ಗತಿಯಿಲ್ಲ ನೋಡಿ!"

ಮೇಸ್ತ್ರಿ ಕಣ್ಣು ಮುಚ್ಚಿದರು. "ಇಲ್ಲಪ್ಪ, ತೆಗೀತಿಲ್ಲ" ಎಂದರು. "ವ್ಯಾನ್ ಈಗ ಎಲ್ಲಿದೆ?"

"ಮನೆ ಮುಂದೇನೇ ಇದೆ. ಯಾಕೆ?"

"ಅಲ್ಲೇ ಇರಲಿ, ತೆಗೀಬೇಡ. ನಾವು ಬರ್ತಿದೀವಿ."

"ಯಾಕ್ ಮೇಸ್ತ್ರಿ, ಏನಾಯ್ತು?"

ಮೇಸ್ತ್ರಿ ಕಣ್ಣು ತೆರೆದು ಡ್ರೈವರಿನ ಕಡೆ ನೋಡಿದರು. ಹೇಳುವುದಕ್ಕೆ ಅವನ ಹತ್ತಿರ ನೆಪ ಎಷ್ಟೋ ಇತ್ತು. ನಾಲಗೆಯ ತುದಿಗೇ ಬಂದಿತ್ತು. ಬದಲಿಗೆ ಅವನು ಫೋನನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಹಿಡಿದ.

"ನಾನು ಕೊನೇ ಸಲ ಮಾಡಿಕೊಟ್ಟ ಕೆಲಸ ಸರಿಯಿಲ್ಲ ಕಣಪ್ಪ" ಎಂದರು ಮೇಸ್ತ್ರಿ. "ನನ್ನ ಕೈ ಆಗಲೇ ನಡುಗ್ತಿತ್ತು. ಗೊತ್ತಿದ್ದೂ ಮಾಡ್ದೆ. ಮಕ್ಕಳು ಕೂರೋ ಗಾಡಿ ಅಂತ ಗೊತ್ತಿದ್ದೂ ಮಾಡ್ದೆ."

ಆ ಕಡೆಯ ದೊಡ್ಡ ದನಿ ನಿಂತುಹೋಯಿತು. ಹೆಂಡತಿ ಲೋಟಗಳನ್ನು ತೆಗೆಯಲು ಬಗ್ಗಿದವಳು ಹಾಗೆಯೇ ನಿಂತಳು. ಬೆಳಿಗ್ಗೆಯಿಂದ ಮೇಲಕ್ಕೆತ್ತಿ ಕೆಲಸ ಮಾಡಿದ್ದ ಡ್ರೈವರಿನ ತೋಳು ಸೋತು ಬರುತ್ತಿತ್ತು. ಅವನು ಅದನ್ನು ಇಳಿಸಲಿಲ್ಲ. ಇನ್ನೊಂದು ಕೈಯನ್ನು ಮೊಣಕೈಗೆ ಆನಿಸಿಕೊಟ್ಟು, ಆ ಕಡೆಯಿಂದ ಮಾತು ಬರುವವರೆಗೂ ಫೋನನ್ನು ಅಲುಗಾಡದ ಹಾಗೆ ಹಿಡಿದುಕೊಂಡು ನಿಂತ.