ದಿಂಬಚ್ಚು

ಮತ್ತೆ ಪೌಡರು ಒತ್ತುತ್ತಿದ್ದಾಳೆ ಮೇಕಪ್ಪಿನವಳು, ಕ್ವಿಜ್ಜಿಗೆ ಬಂದ ನರ್ಸಮ್ಮನ ಎಡಗೆನ್ನೆಗೆ, ಇದು ಮೂರನೆಯ ಸಲ, ಆದರೂ ಆ ಗೆರೆ ಹೋಗುತ್ತಿಲ್ಲ, ನನ್ನ ಮೇಜಿನ ಮೇಲಿನ ಪುಟ್ಟ ಪರದೆಯಲ್ಲೂ ಕಾಣುತ್ತಿದೆ, ಕಿವಿಯ ಕೆಳಗೆ ಹುಟ್ಟಿ ಬಾಯಿಯ ತುದಿಯವರೆಗೆ ಬಂದು ನಿಂತ ಗೆರೆ — ಬೆಳಗ್ಗೆ ಏಳಕ್ಕೇ ಕರೆಸಿ, ಮೊದಲ ಸುತ್ತುಗಳು ಮುಗಿದ ಮೇಲೂ ಕೊನೆಯ ಸುತ್ತಿಗೆ ಮಧ್ಯಾಹ್ನ ಮೂರರವರೆಗೆ ಕಾಯಿಸಿದರೆ ಮನುಷ್ಯರು ಮಲಗದೆ ಇನ್ನೇನು ಮಾಡುತ್ತಾರೆ, ಕಾಯುವ ಕೋಣೆಯ ಸೋಫಾದ ಕೈ ಮೇಲೆ ಕೆನ್ನೆ ಇಟ್ಟು ನಿದ್ದೆ ಹೋಗಿದ್ದರು, ನಾನೇ ನೋಡಿದೆ, ನೋಡಬಾರದಿತ್ತು, ನೋಡಿದ್ದರಿಂದಲೇ ಇಷ್ಟೆಲ್ಲ ಆಯಿತು. ಐದು ನಿಮಿಷ, ಅಂದಿದ್ದಾರೆ ನಿರ್ದೇಶಕರು ನನ್ನ ಹೆಡ್‌ಫೋನಿನಲ್ಲಿ, ಐದೇ ನಿಮಿಷ ಮೇಡಂ, ಲೈಟ್ ಆರಿಸಲ್ಲ, ಜನರನ್ನ ಎಬ್ಬಿಸಲ್ಲ, ಸರಿ ಅನ್ನಿ ಇಲ್ಲ ತಪ್ಪು ಅನ್ನಿ, ಏನೋ ಒಂದು ಅನ್ನಿ. ಹನ್ನೊಂದು ವರ್ಷದಲ್ಲಿ ನನಗಾಗಿ ಕ್ಯಾಮೆರಾ ನಿಂತದ್ದು ಇದೇ ಮೊದಲು, ನನಗೆ ಕೊಟ್ಟಿರುವುದು ಮೂರು ಸೆಕೆಂಡು, ಉತ್ತರ ಕಿವಿಗೆ ಬಿದ್ದ ಮೂರು ಸೆಕೆಂಡಿನೊಳಗೆ ಈ ಗುಂಡಿ ಒತ್ತಿ ಸರಿ ಅಥವಾ ತಪ್ಪು ಅನ್ನಬೇಕು, ಅದು ನಿರೂಪಕರ ಕಿವಿಯೊಳಗೆ ಮಾತ್ರ ಕೇಳುತ್ತದೆ. ಪಾಪ, ಅವರಿಗೆ ಒಂದು ಉತ್ತರವೂ ಗೊತ್ತಿರುವುದಿಲ್ಲ, ಅವರ ಕಾರ್ಡಿನಲ್ಲಿ ಪ್ರಶ್ನೆ ಮಾತ್ರ, ಉತ್ತರ ನನ್ನ ಕಾರ್ಡಿನಲ್ಲಿ, ಅವರು ಸ್ಪರ್ಧಿಯನ್ನೇ ದಿಟ್ಟಿಸುತ್ತಾ ಹುಬ್ಬೇರಿಸಿ ಸುಮ್ಮನಾಗುತ್ತಾರಲ್ಲ, ಜನ ಉಸಿರು ಬಿಗಿಹಿಡಿದು ಎಷ್ಟು ಗಂಭೀರ ಮನುಷ್ಯ ಅಂದುಕೊಳ್ಳುತ್ತಾರಲ್ಲ, ಆಗ ಅವರು ಕಾಯುತ್ತಿರುವುದು ನನ್ನನ್ನು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹೇಳುವುದು ಅವರ ಅಭ್ಯಾಸ, ಎರಡನೇ ವರ್ಷವೋ ಮೂರನೆಯದೋ, ಗುಂಡಿಯ ಮೇಲಿಂದ ಬೆರಳು ತೆಗೆಯುವುದು ಮರೆತು, ಅಯ್ಯೋ ಪಾಪ, ಅಂದುಬಿಟ್ಟೆ, ತಡವರಿಸುತ್ತಿದ್ದ ಅಂಚೆಯವರೊಬ್ಬರನ್ನು ನೋಡಿ, ನಿರೂಪಕರು ಕೋಟು ಸರಿಮಾಡಿಕೊಂಡು, ಅಯ್ಯೋ ಪಾಪ, ತಪ್ಪು ಉತ್ತರ, ಅಂದರು, ಜನ ಬಿದ್ದು ಬಿದ್ದು ನಕ್ಕರು, ಅಂದಿನಿಂದ ಅದೇ ಅವರ ಮಾತಾಯಿತು, ಶಾಲೆಯ ಮಕ್ಕಳೂ ಆಟದಲ್ಲಿ ಅದನ್ನೇ ಹೇಳುತ್ತಾರೆ. ಹುಟ್ಟಿದ್ದು ನನ್ನ ಬಾಯಲ್ಲಿ, ಹೆಸರು ಅವರಿಗೆ, ಇರಲಿ, ನನಗೇನೂ ಬೇಜಾರಿಲ್ಲ.

ಇಲ್ಲಿ ನನಗೆ ತೀರ್ಪಮ್ಮ ಅಂತ ಹೆಸರು, ದೀಪದವರು, ಕ್ಯಾಮೆರಾದವರು, ಕೈ ಎತ್ತಿ ಜನರಿಂದ ಚಪ್ಪಾಳೆ ಹೊಡೆಸುವವರು, ಎಲ್ಲರೂ ತೀರ್ಪಮ್ಮ ಏನಂತಾರೆ ಅಂತಲೇ ಕೇಳುವುದು, ತೀರ್ಪಮ್ಮನ ನಿಯಮವೂ ಎಲ್ಲರಿಗೂ ಬಾಯಿಪಾಠ — ಎರಡು ಮೂಲವಿಲ್ಲದೆ ಕಾರ್ಡು ಹೊರಗೆ ಹೋಗಬಾರದು, ಎರಡು ಪುಸ್ತಕ, ಇಲ್ಲವೇ ಒಂದು ಪುಸ್ತಕ ಮತ್ತು ವಿಷಯ ಬಲ್ಲ ಒಬ್ಬ ಮನುಷ್ಯ, ಕಾರ್ಡಿನ ಮೂಲೆಯಲ್ಲಿ ಎರಡು ಚೌಕ, ಎರಡಕ್ಕೂ ಗುರುತು ಬೀಳಬೇಕು. ಹೊಸದಾಗಿ ಪ್ರಶ್ನೆ ಬರೆಯಲು ಬಂದವರನ್ನು ಇದೇ ವಿಷಯಕ್ಕೆ ಅಳಿಸಿದ್ದೇನೆ, ನಿಮಗೆ ಗೊತ್ತಿರೋದೇ ದೊಡ್ಡ ಶತ್ರು, ಗೊತ್ತಿರೋದನ್ನ ಯಾರೂ ತೆಗೆದು ನೋಡಲ್ಲ, ಅಂತೆಲ್ಲ ಭಾಷಣ ಬಿಗಿದಿದ್ದೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಇವತ್ತು ಕೊನೆಯ ಸುತ್ತಿಗೆ ಹತ್ತು ನಿಮಿಷ ಇದೆ ಅನ್ನುವಾಗ ಒಂದು ಪ್ರಶ್ನೆ ಹೋದ ವರ್ಷವೇ ಕೇಳಿದ್ದು ಅಂತ ಗೊತ್ತಾಯಿತು, ಇನ್ನೊಂದು ಬೇಕು, ಒಂದೇ ಮಾತಿನ ಸುತ್ತು, ವಿವರಣೆ ಕೊಟ್ಟರೆ ಪದ ಹೇಳಬೇಕು, ಯೋಚಿಸುತ್ತಾ ಓಣಿಯಲ್ಲಿ ಓಡುವಾಗ ಕಾಯುವ ಕೋಣೆಯ ಬಾಗಿಲು ತೆರೆದಿತ್ತು, ನರ್ಸಮ್ಮ ಸೋಫಾದಿಂದ ತಲೆ ಎತ್ತಿದರು, ಕೆನ್ನೆಯ ಮೇಲೆ ಗೆರೆ, ನೋಡಿದ್ದೇ ತಡ ಪದ ತಾನಾಗಿ ಬಂತು, ಬಾಯಲ್ಲಿ ನೀರು ಬರುತ್ತದಲ್ಲ, ಅಷ್ಟು ಸಲೀಸಾಗಿ. ಬರೆದೆ. ಮಲಗಿ ಎದ್ದವರ ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯೋ ಮಡಿಕೆಯೋ ಒತ್ತಿ ಮೂಡುವ ಗೆರೆಗೆ ಏನೆನ್ನುತ್ತಾರೆ? ಉತ್ತರ, ದಿಂಬಚ್ಚು. ಮೊದಲ ಚೌಕಕ್ಕೆ ಗುರುತು ಹಾಕಿದೆ, ಆರು ವರ್ಷದವಳಿದ್ದಾಗಿನಿಂದ ಆಡಿದ ಮಾತು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ಎರಡನೆಯದಕ್ಕೆ ಅಣ್ಣನಿಗೆ ಫೋನು ಮಾಡಿದೆ, ಪತ್ರಿಕೆಯಲ್ಲಿ ಕರಡು ತಿದ್ದುವವನು, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಸಂಪಾದಕರನ್ನೂ ಬಿಡದವನು, ಅಣ್ಣಾ, ದಿಂಬಚ್ಚು, ಸರಿಯಲ್ವಾ, ಅಂದೆ, ಸರಿ ಕಣೇ, ಅದರಲ್ಲೇನಿದೆ, ಅಂದ, ಗುರುತು ಹಾಕಿದೆ. ಒಂದೇ ಬಾವಿಗೆ ಎರಡು ಕೊಡ ಇಳಿಬಿಟ್ಟು ಎರಡು ಬಾವಿಯ ನೀರು ಅಂದುಕೊಂಡೆ.

ನರ್ಸಮ್ಮನಿಗೂ ಲೆಕ್ಕದ ಮೇಷ್ಟ್ರಿಗೂ ಸಮಸಮ ಅಂಕ, ಇದೇ ಕೊನೆಯ ಪ್ರಶ್ನೆ, ಮೊದಲು ಯಾರು ಒತ್ತಿದರೂ ಇನ್ನೊಬ್ಬರ ಗುಂಡಿ ಸತ್ತುಹೋಗುತ್ತದೆ, ಒತ್ತಿದವರು ಸರಿ ಹೇಳಿದರೆ ಗೆದ್ದರು, ತಪ್ಪಿದರೆ ಎದುರಿನವರು ಗೆದ್ದರು. ಬಹುಮಾನ ಒಂದು ದೊಡ್ಡ ಟೀವಿ. ಮೇಷ್ಟ್ರಿಗೆ ಅದು ಗೋಡೆಗೆ ಭಾರ, ಈಗಾಗಲೇ ಎರಡಿವೆಯಂತೆ ಮನೆಯಲ್ಲಿ, ನರ್ಸಮ್ಮ ಮಾತ್ರ ಪರಿಚಯ ಹೇಳಿಕೊಳ್ಳುವಾಗಲೇ, ನಮ್ ವಾರ್ಡಿನ ಟೀವಿಲಿ ಅರ್ಧ ಮುಖ ಬರುತ್ತೆ ಸಾರ್, ಮೂಗಿಂದ ಕೆಳಗೆ ಏನೂ ಇಲ್ಲ, ಹದಿನಾರು ಬೆಡ್ಡಿನವರೂ ನಿಮ್ಮ ಹಣೆ ನೋಡ್ಕೊಂಡೇ ಉತ್ತರ ಹೇಳ್ತಾರೆ, ಗೆದ್ದು ತರ್ತೀನಿ ಅಂತ ಮಾತು ಕೊಟ್ಟು ಬಂದಿದೀನಿ, ಅಂದಿದ್ದರು. ಪ್ರಶ್ನೆ ಮುಗಿಯಿತು, ನರ್ಸಮ್ಮನ ದೀಪ ಹೊತ್ತಿಕೊಂಡಿತು, ನಾನು ತುಟಿಯಲ್ಲಿ ಸರಿ ಅನ್ನುವುದನ್ನು ಸಿದ್ಧ ಮಾಡಿಕೊಂಡೇ ಕೂತಿದ್ದೆ, ಅವರು ಕೆನ್ನೆ ಮುಟ್ಟಿಕೊಂಡು, ಅದಕ್ಕೆ ಪದ ಇಲ್ಲ ಸಾರ್, ಅಂದರು. ಗೊತ್ತಿಲ್ಲ ಅಂತೀರಾ, ಅಂದರು ನಿರೂಪಕರು. ಗೊತ್ತಿಲ್ಲ ಅಲ್ಲ ಸಾರ್, ಇಲ್ಲ, ಇಪ್ಪತ್ತೆಂಟು ವರ್ಷದಿಂದ ದಿನಾ ಬೆಳಗ್ಗೆ ಅದೇ ಕೆನ್ನೆಗಳನ್ನ ನೋಡ್ತಿದೀನಿ, ಎಲ್ಲ ಊರಿನೋರು ಬಂದು ಮಲಗ್ತಾರೆ, ಒಬ್ಬರ ಬಾಯಲ್ಲೂ ಅದಕ್ಕೆ ಪದ ಕೇಳಿಲ್ಲ, ಕೆನ್ನೆ ಮೇಲೆ ಗೆರೆ ಬಂದಿದೆ ಅಂತಾರೆ, ಅಷ್ಟೇ. ನಿರೂಪಕರು ಹುಬ್ಬೇರಿಸಿದರು. ಒಂದು ಸೆಕೆಂಡು. ಎರಡು. ನನ್ನ ಕಾರ್ಡಿನಲ್ಲಿ ದಿಂಬಚ್ಚು, ತಪ್ಪು ಅನ್ನಬೇಕು, ಬೆರಳು ಗುಂಡಿಯ ಮೇಲಿದೆ, ಆದರೆ ಹೌದಲ್ಲ, ನಾನು ಇದನ್ನು ಯಾರ ಬಾಯಲ್ಲಿ ಕೇಳಿದ್ದೇನೆ, ಅಪ್ಪನನ್ನು ಬಿಟ್ಟು. ಮೂರು. ನಾಲ್ಕು. ಆಮೇಲೆ, ಕಟ್.

ನಾಲ್ಕು ನಿಘಂಟು ಇವೆ ಮೇಜಿನ ಕೆಳಗೆ, ನಾಲ್ಕನ್ನೂ ತೆಗೆದು ನೋಡಿದೆ, ದಿಂಬು ಇದೆ, ತಲೆಗಿಂಬು ಇದೆ, ಅದು ಇಲ್ಲ, ಮೊದಲನೆಯದರಲ್ಲಿ ಇಲ್ಲ, ನಾಲ್ಕನೆಯದರಲ್ಲೂ ಇಲ್ಲ. ಅಣ್ಣನಿಗೆ ಮತ್ತೆ ಫೋನು, ಅಣ್ಣಾ, ಆ ಪದ ನೀನು ಎಲ್ಲಿ ಓದಿದ್ದೆ, ಓದೋದೇನು, ಅಪ್ಪ ಹೇಳ್ತಿದ್ರಲ್ಲ, ಅಂದ, ಅಪ್ಪ ಬಿಟ್ಟು ಬೇರೆ ಯಾರಾದ್ರೂ, ಅಂದೆ, ನಿಮ್ಮತ್ತಿಗೆ ಹೊಸದರಲ್ಲಿ ನಕ್ಕಿದ್ಳು ಕಣೇ ಅದನ್ನ ಕೇಳಿ, ಅವರ ಕಡೆ ಬೇರೆ ಏನೋ ಅಂತಾರೇನೋ ಅಂದ್ಕೊಂಡೆ, ನಾನು ಯಾವತ್ತೂ — ಅಂದ್ರೆ ಅದು ಅಪ್ಪಂದೇನೇ? ಫೋನು ಇಟ್ಟೆ. ಅಪ್ಪಂದೇ. ಅಪ್ಪ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು, ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ, ಬೆಳಗಿನ ಪಾಳಿ ಮುಗಿಸಿ ಬಂದು ಉಂಡು ಮಲಗಿದರೆ ನಾಲ್ಕಕ್ಕೆ ಏಳುವುದು, ನಾನೂ ಅಣ್ಣನೂ ಹಾಸಿಗೆಯ ಪಕ್ಕ ಕಾದು ಕೂರುತ್ತಿದ್ದೆವು, ಕಣ್ಣು ಬಿಟ್ಟ ಕೂಡಲೇ ಒಂದು ಪ್ರಶ್ನೆ, ಆ ದಿನ ಯಾವ ಪುಸ್ತಕ ಜೋಡಿಸಿದ್ದರೋ ಅದರಿಂದ, ತಿಮಿಂಗಿಲ ಮೀನೋ ಅಲ್ಲವೋ, ಹಿಮ ಬೆಳ್ಳಗೆ ಯಾಕೆ, ಕತ್ತರಿಗೆ ಎಷ್ಟು ಬಾಯಿ, ಮತ್ತು ಗಡಿಯಾರ ಅವರ ಕೆನ್ನೆ, ಎಡಗೆನ್ನೆಯ ಮೇಲೆ ಗೆರೆ ಮೂಡಿರುತ್ತಿತ್ತು, ಅಮ್ಮ ಎರಡು ತುಂಡು ಬಟ್ಟೆ ಸೇರಿಸಿ ಹೊಲಿದ ದಿಂಬು, ನಡುವಿನ ಹೊಲಿಗೆ ದಿನಾ ಅದೇ ಜಾಗದಲ್ಲಿ ಒತ್ತುತ್ತಿತ್ತು, ಕಿವಿಯ ಕೆಳಗಿಂದ ಬಾಯಿಯ ತುದಿಯವರೆಗೆ, ಗೆರೆ ಮಾಯೋದ್ರೊಳಗೆ ಉತ್ತರ ಹೇಳ್ಬೇಕು, ಅಂತ ನಿಯಮ. ಗೊತ್ತಿಲ್ಲ ಅಂದರೆ ಸೊನ್ನೆ. ಅಂಥದ್ದು ಇಲ್ಲ ಅಂದರೆ ಮಾತ್ರ, ಹಾಂ, ಇಲ್ಲ ಅನ್ನೋದೂ ಒಂದು ಉತ್ತರಾನೇ, ಧೈರ್ಯ ಇದ್ದೋರು ಹೇಳೋ ಉತ್ತರ, ಅನ್ನುತ್ತಿದ್ದರು. ಅಣ್ಣ ಮೋಸಗಾರ, ಸಮಯ ಸಾಲದಿದ್ದರೆ ಅಪ್ಪನ ಕೆನ್ನೆಯನ್ನು ಮತ್ತೆ ದಿಂಬಿಗೆ ಒತ್ತಿಬಿಡುತ್ತಿದ್ದ.

ಮತ್ತೆ ಆ ಸಂಜೆ, ಇದೆಲ್ಲಿತ್ತು ಇಷ್ಟು ದಿನ, ಅಮ್ಮ ಬಟ್ಟೆ ಮಡಿಸುತ್ತಾ, ನಿಮ್ಮಪ್ಪಂಗೆ ಪ್ರೆಸ್ಸಲ್ಲಿ ಅಚ್ಚು ಹಾಕಿದ್ದು ಸಾಲ್ದು, ಮನೇಗೆ ಬಂದು ಕೆನ್ನೆಗೂ ಹಾಕ್ಕೋತಾರೆ, ಅಂದಳು, ಅಪ್ಪ ಕನ್ನಡಿಯಲ್ಲಿ ಕೆನ್ನೆ ತಿರುಗಿಸಿ ನೋಡಿಕೊಂಡು, ದಿಂಬಚ್ಚು, ಅಂದರು, ಇನ್ನೊಮ್ಮೆ ನಿಧಾನವಾಗಿ, ದಿಂ, ಬ, ಚ್ಚು, ಒಂದೊಂದೇ ಮೊಳೆ ಎತ್ತಿ ಜೋಡಿಸಿದ ಹಾಗೆ, ಆಮೇಲೆ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಅಲ್ಲೇ ಇದ್ದೆ. ಪದ ಹುಟ್ಟುವಾಗ ನೋಡುತ್ತಾ ಕೂತಿದ್ದವಳು ನಾನು, ಅದು ಮೊದಲಿನಿಂದಲೂ ಇತ್ತು ಅಂದುಕೊಂಡು ದೊಡ್ಡವಳಾದೆ.

ಮೇಡಂ, ಎರಡು ನಿಮಿಷ, ನಿಮ್ಮ ಕಾರ್ಡಲ್ಲಿ ಏನಿದೆ, ಅನ್ನುತ್ತಿದ್ದಾರೆ ನಿರ್ದೇಶಕರು, ದಿಂಬಚ್ಚು, ಅಂದೆ, ಅರೆ, ಎಷ್ಟು ಚೆನ್ನಾಗಿದೆ, ಹಂಗಾದ್ರೆ ಆಯಮ್ಮ ಹೇಳಿದ್ದು ತಪ್ಪಲ್ವಾ, ತಪ್ಪು ಅಂದ್ಬಿಡಿ, ಮುಗೀತು. ಮುಗಿಯುತ್ತದೆ. ಒಂದು ಮಾತು, ತಪ್ಪು, ಅಷ್ಟೇ, ನಿರೂಪಕರು ಕೋಟು ಸರಿಮಾಡಿಕೊಂಡು, ಅಯ್ಯೋ ಪಾಪ, ಸರಿಯುತ್ತರ ದಿಂಬಚ್ಚು, ಅನ್ನುತ್ತಾರೆ, ಟೀವಿಯಲ್ಲಿ ಬಂದ ಮೇಲೆ ಅದು ಪದವೇ, ನಾಳೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಮ್ಮಂದಿರು ಎಬ್ಬಿಸುವಾಗ ಹೇಳುತ್ತಾರೆ, ನನ್ನ ಅಯ್ಯೋ ಪಾಪ ಊರೆಲ್ಲ ಸುತ್ತಿ ಬರಲಿಲ್ಲವೇ, ಇದೂ ಬರುತ್ತದೆ, ಇನ್ನು ಹತ್ತು ವರ್ಷಕ್ಕೆ ನಿಘಂಟಿಗೂ ಹತ್ತುತ್ತದೆ, ಎಷ್ಟೋ ಪುಸ್ತಕ ಜೋಡಿಸಿ ಒಂದರಲ್ಲೂ ಹೆಸರಿಲ್ಲದ ಅಪ್ಪನದು ಒಂದು ಪದ ಉಳಿಯುತ್ತದೆ, ಆಸೆಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ, ತುಂಬಾ ಆಸೆಯಾಗುತ್ತಿದೆ. ಆದರೆ ಅರ್ಧ ಮುಖದ ಟೀವಿಯ ಮುಂದೆ ಹದಿನಾರು ಹಾಸಿಗೆ, ಮತ್ತು ಆ ಹೆಂಗಸು ನಿಜ ಹೇಳಿದ್ದಾರೆ, ಪರದೆಯ ತುಂಬಾ ಅವರ ಮುಖ, ಪೌಡರಿನ ಕೆಳಗೆ ಆ ಗೆರೆ, ಕೈ ಬೆರಳು ಹೆಣೆದುಕೊಂಡು ನಾನಿರುವ ಕತ್ತಲೆಯ ಕಡೆಗೇ ನೋಡುತ್ತಿದ್ದಾರೆ, ಅಲ್ಲಿ ಯಾರಿದ್ದಾರೆ ಅಂತ ಅವರಿಗೇನು ಗೊತ್ತು. ಅಪ್ಪ ಒಮ್ಮೆ ಪುಟವೆಲ್ಲ ಬಿಗಿದು ಯಂತ್ರಕ್ಕೆ ಏರಿಸಿದ ಮೇಲೆ ಒಂದು ಅಕ್ಷರಕ್ಕಾಗಿ ಇಳಿಸಿದ್ದರಂತೆ, ಯಜಮಾನರು ಬೈದರಂತೆ, ಯಾರು ನೋಡ್ತಾರೋ ಅದನ್ನ, ಅಪ್ಪ ಚಿಮಟದಿಂದ ಮೊಳೆ ಕೀಳುತ್ತಾ, ಮೊಳೇಲಿದ್ರೆ ತಪ್ಪು ಸ್ವಾಮಿ, ಕಾಗದಕ್ಕೆ ಇಳಿದ್ರೆ ಸುಳ್ಳು, ಅಂದರಂತೆ. ಹೀಗೆ ಹೇಳಿಕೊಟ್ಟು ಹೋಗಿದ್ದೀರಿ ಅಪ್ಪ, ಈಗ ನೋಡಿ, ನಿಮ್ಮ ಮೊಳೆಯನ್ನೇ ಕೀಳಬೇಕಾಗಿದೆ ನಾನು.

ಎಲ್ಲರೂ ರೆಡಿ, ಕ್ಯಾಮೆರಾ ಓಡುತ್ತಿದೆ, ನಿರೂಪಕರು ಹುಬ್ಬೇರಿಸಿ ಬಿಟ್ಟಲ್ಲಿಂದಲೇ ಸುಮ್ಮನಾದರು, ಬೆರಳು ಗುಂಡಿಯ ಮೇಲೆ, ಒತ್ತಿದೆ, ಇಲ್ಲ, ಅಂದೆ, ಅಂಥ ಪದ ಇಲ್ಲ, ಉತ್ತರ ಸರಿ. ಇಲ್ಲ, ಅಂಥ ಪದ ಇಲ್ಲ, ಉತ್ತರ ಸರಿ, ಅಂದರು ನಿರೂಪಕರು, ನನ್ನ ಮಾತೇ, ಅವರ ದೊಡ್ಡ ಗಂಟಲಿನಲ್ಲಿ, ನಾಲ್ಕು ಕ್ಯಾಮೆರಾಗಳ ಮುಂದೆ. ಚಪ್ಪಾಳೆಯವರು ಕೈ ಎತ್ತುವ ಮೊದಲೇ ಜನ ಚಪ್ಪಾಳೆ ಹೊಡೆದರು, ಮೇಷ್ಟ್ರೂ ಎದ್ದು ನಿಂತು ಹೊಡೆಯುತ್ತಿದ್ದಾರೆ, ನಾನು ಕಾರ್ಡಿನ ಮೇಲೆ ಅಡ್ಡಗೆರೆ ಎಳೆದು ಮೂಲೆಯ ಎರಡೂ ಗುರುತು ಅಳಿಸಿದೆ, ಹನ್ನೊಂದು ವರ್ಷದಲ್ಲಿ ಮೊದಲ ತಪ್ಪು ಅಂತ ಬರೆದು ಸಹಿ ಹಾಕಿದೆ. ನರ್ಸಮ್ಮ ನಗುತ್ತಿದ್ದಾರೆ, ಕಣ್ಣು ಒರೆಸಿಕೊಂಡು ಮತ್ತೆ ನಗುತ್ತಿದ್ದಾರೆ, ಪರದೆಯಲ್ಲಿ ಅವರ ಎಡಗೆನ್ನೆ, ನಗುವಿಗೆ ಚರ್ಮ ಹಿಗ್ಗಿ ಗೆರೆ ಸಡಿಲವಾಗುತ್ತಿದೆ, ತುದಿಯಲ್ಲಿ ಮಸುಕು, ನಡುವೆಯೂ ಮಸುಕು, ಈಗ ಹೋಯಿತು, ಹೀಗೆಯೇ ಹೋಗಬೇಕು, ಬದುಕಿರುವ ಕೆನ್ನೆಯ ಮೇಲೆ ಅದು ಎಷ್ಟು ಹೊತ್ತು ನಿಂತೀತು, ಒಂದು ಪ್ರಶ್ನೆಯಷ್ಟು ಹೊತ್ತು — ಆ ದಿನ ಅಪ್ಪ ನಾಲ್ಕಾದರೂ ಏಳಲಿಲ್ಲ, ಅಪ್ಪಾ, ಅಂದೆ, ಮಗ್ಗುಲಿಂದ ನಿಧಾನವಾಗಿ ತಿರುಗಿಸಿದೆ, ಎಡಗೆನ್ನೆಯ ಮೇಲೆ ಗೆರೆ ಇತ್ತು, ಕಿವಿಯ ಕೆಳಗಿಂದ ಬಾಯಿಯ ತುದಿಯವರೆಗೆ, ಅಣ್ಣ ಓಡಿಬಂದ, ಡಾಕ್ಟರು ಬಂದು ಹೋದರು, ನಾನು ಹಾಸಿಗೆಯ ಪಕ್ಕವೇ ಕೂತಿದ್ದೆ, ಗೆರೆ ಮಾಯುವವರೆಗೆ ಸಮಯ, ನಾಲ್ಕೂವರೆ, ಐದು, ಪ್ರಶ್ನೆ ಕೇಳಿರಲಿಲ್ಲ ಅವರು, ಐದೂವರೆ, ಗೆರೆ ಹಾಗೇ ಇತ್ತು, ಬೆರಳಿನಿಂದ ಮೆಲ್ಲಗೆ ಉಜ್ಜಿದೆ, ಹಾಗೇ ಇತ್ತು, ಎಡಗೆನ್ನೆಯ ಮೇಲೆ, ಆ ಗೆರೆ, ಕಿವಿಯ ಕೆಳಗಿಂದ, ಆ ಗೆರೆ —