ನಾಲ್ಕನೆಯ ಕಾಲಿನ ಕುಂಕುಮ

ನಾನು ಮರ ಕಡೆಯುವ ಒಂದು ಲೇಥು. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ, ಮರಳಿನ ಅಚ್ಚಿಗೆ ಸುರಿದ ಕಾದ ಕಬ್ಬಿಣದಿಂದ ಹುಟ್ಟಿದೆ. ತಣ್ಣಗಾದ ಮೇಲೆ ನನಗೆ ಹಸಿರು ಬಣ್ಣ ಬಳಿದರು. ಎರಡು ಮೊನೆಗಳ ನಡುವೆ ಕಟ್ಟಿಗೆಯನ್ನು ಹಿಡಿದು ತಿರುಗಿಸುವುದು ನನ್ನ ಕೆಲಸ. ತಿರುಗುವ ಕಟ್ಟಿಗೆಗೆ ಉಳಿ ತಾಗಿಸಿ ರೂಪ ಕೊಡುವುದು ಮನುಷ್ಯರ ಕೆಲಸ. ಕೆಳಗಿನಿಂದ ನೋಡುವ ನನಗೆ ಮನುಷ್ಯರ ಹೊಟ್ಟೆ, ಕೈ, ಮೂಗಿನ ಹೊಳ್ಳೆ ಮಾತ್ರ ಕಾಣುತ್ತವೆ. ಅಷ್ಟರಿಂದ ಯಾರನ್ನು ನಂಬುವುದು?

ನನ್ನ ಮೊದಲ ಮನೆ ಗದಗಿನ ನಾಗಲಿಂಗಪ್ಪ ಬಡಿಗೇರರ ಅಂಗಡಿ. ಇಳಿಸಿದ ದಿನವೇ ಅವರು ನನ್ನನ್ನು ಅಲುಗಾಡಿಸಿ ನೋಡಿ ಮೂಗು ಮುರಿದರು. ಕೆಲವು ದಿನಗಳ ಮೇಲೆ, ಯಾರೂ ಇಲ್ಲದಾಗ, ಹಾರೆಯಿಂದ ನನ್ನ ಹಿಂದಿನ ಬಲಗಾಲನ್ನು ತುಸು ಎತ್ತಿ ಅದರಡಿಗೆ ಏನನ್ನೋ ತುರುಕಿದರು. ಅದು ಮೆತ್ತಗಿತ್ತು. ಏನೆಂದು ನನಗೆ ತಿಳಿಯಲಿಲ್ಲ. ನನ್ನ ಕಾಲಡಿಯನ್ನು ನಾನು ಹೇಗೆ ನೋಡಲಿ?

ಇಪ್ಪತ್ತೆಂಟು ವರ್ಷ ಅಲ್ಲಿ ಮಂಚದ ಕಾಲು, ಲಟ್ಟಣಿಗೆ, ಕಡಗೋಲು ಕಡೆದೆ. ಬೆಳಿಗ್ಗೆ ತಾವು ಚಹಾ ಕುಡಿಯುವ ಮೊದಲು ಅವರು ನನಗೆ ಎಣ್ಣೆ ಬಿಡುತ್ತಿದ್ದರು. ಅಂಥ ಮನುಷ್ಯನ ಮೇಲೂ ನನಗೊಂದು ಗುಮಾನಿ ಇತ್ತು. ದಸರೆಯಲ್ಲಿ ಉಪಕರಣಗಳಿಗೆ ಖಂಡೇಪೂಜೆ ಮಾಡುವಾಗ ಅವರು ನನ್ನ ಮೂರು ಕಾಲಿಗೆ ಕುಂಕುಮ ಹಚ್ಚಿ, ನಾಲ್ಕನೆಯದರ ಹತ್ತಿರ ಬಂದು ಕೈ ಹಿಂತೆಗೆದುಕೊಳ್ಳುತ್ತಿದ್ದರು. ಪ್ರತಿ ವರ್ಷವೂ ಹೀಗೆಯೇ. ನನ್ನಲ್ಲಿ ಏನೋ ಊನವಿದೆ, ಇವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಭುಜದ ನೋವಿನಿಂದ ಅವರ ತೋಳು ಮೇಲೇಳದಂತಾಯಿತು. ನನ್ನನ್ನು ಕೊಳ್ಳಲು ಧಾರವಾಡದಿಂದ ಸುನಂದಾ ಹಂಚಿನಾಳ ಎಂಬುವರು ಗಂಡನೊಂದಿಗೆ ಬರುವುದಿತ್ತು. ಅವರು ಬರುವ ಸ್ವಲ್ಪ ಮುಂಚೆ ನಾಗಲಿಂಗಪ್ಪ ಬಾಗಿಲು ಮುಂದೆ ಮಾಡಿ, ಹಾರೆಯ ಮೇಲೆ ಮೈಭಾರ ಹಾಕಿ ನನ್ನ ಕಾಲೆತ್ತಿ, ಆ ಮೆತ್ತನೆಯದನ್ನು ಎಳೆದು ಧೋತರದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡರು. ರೋಗಿಯನ್ನು ಮಾರಿ ಔಷಧಿಯನ್ನು ಇಟ್ಟುಕೊಂಡಂತಾಯಿತಲ್ಲ ಎಂದು ನನಗೆ ಸಿಟ್ಟು ಬಂತು.

ಸುನಂದಾ ಅವರ ಗಂಡ ಚನ್ನವೀರಪ್ಪ ಬಸ್ಸುಗಳಲ್ಲಿ ಟಿಕೀಟು ತಪಾಸಣೆ ಮಾಡಿ ನಿವೃತ್ತರಾದವರು. ನನ್ನ ಸುತ್ತ ಎರಡು ಸುತ್ತು ಹಾಕಿದರು.

"ಮಷೀನು ಚಲೋ ಐತಲ್ರಿ, ಹಿರ್ಯಾರ?"

"ಐತ್ರಿ," ಎಂದರು ನಾಗಲಿಂಗಪ್ಪ, ಹೊರಗೆ ನೋಡುತ್ತ.

ಟೆಂಪೋದಲ್ಲಿ ನನ್ನ ಪಕ್ಕ ಕುಳಿತಾಗ ಚನ್ನವೀರಪ್ಪ ಹೆಂಡತಿಗೆ ಹೇಳಿದರು: "ಟಿಕೀಟು ಇಲ್ದಾಂವ ಹಿಂಗ ಕಿಡಕಿ ಕಡೆ ನೋಡ್ತಾನ. ಏನೋ ಐತಿ."

"ನಿಮಗ ಎಲ್ಲಾರೂ ಟಿಕೀಟು ಇಲ್ದಾವರಂಗ ಕಾಣ್ತಾರ," ಎಂದರು ಸುನಂದಾ. ನಾನು ಮಾತ್ರ ಚನ್ನವೀರಪ್ಪನವರ ಕಡೆಗಿದ್ದೆ.

ಹಿತ್ತಲಿನ ತಗಡಿನ ಶೆಡ್ಡೇ ಸುನಂದಾ ಅವರ ಕಾರ್ಯಾಗಾರ. ಅಲ್ಲಿ ಹೊಲಿಗೆ ಯಂತ್ರದ ಕಾಲ್ತುಳಿಗೆ ಕಟ್ಟಿದ ಪುಟ್ಟ ಲೇಥು ಒಂದಿತ್ತು. ಅದರಲ್ಲಿ ಬುಗುರಿ ಆಗುತ್ತಿತ್ತು, ಉದ್ದನೆಯ ಕೋಲು ಆಗುತ್ತಿರಲಿಲ್ಲ. ಪಕ್ಕದ ಮನೆಯ ಮಗು ಗಂಗೂಗೆ ಎರಡು ವರ್ಷ ತುಂಬುತ್ತ ಬಂದರೂ ಕಾಲು ನಿಂತಿರಲಿಲ್ಲ. ನಡಿಗೆ ಕಲಿಯಲು ಅವಳ ಅಳತೆಗೆ ಒಂದು ಪಾಂಗುಳಗಾಡಿ ಮಾಡಿಕೊಡುತ್ತೇನೆಂದು ಸುನಂದಾ ಮಾತು ಕೊಟ್ಟಿದ್ದರು. ಮಗು ಹಿಡಿದುಕೊಂಡು ನೂಕುವ ಆ ಗಾಡಿಗೆ ಉದ್ದನೆಯ, ನುಣುಪಾದ ಹಿಡಿಕೋಲು ಬೇಕು. ಅದಕ್ಕೇ ನಾನು ಬಂದದ್ದು.

ಹಳೆಯ ಯಂತ್ರ, ಬಿಗಿಯಾಗಿರಲಿ ಎಂದು ಚನ್ನವೀರಪ್ಪ ನನ್ನ ನಾಲ್ಕು ಕಾಲನ್ನೂ ಸಿಮೆಂಟಿನ ನೆಲಕ್ಕೆ ಬೋಲ್ಟು ಹಾಕಿ ಬಿಗಿದರು. ನಾಲ್ಕನೆಯ ಬೋಲ್ಟು ತಿರುಗಿದಂತೆ ನನ್ನ ಮೈ ಓರೆಯಾಯಿತು. ಎದುರುಬದುರು ಕೂಡಬೇಕಾದ ನನ್ನ ಮೊನೆಗಳು ಜೋಳದ ಕಾಳಿನಷ್ಟು ತಪ್ಪಿದವು. ಮೊದಲ ಕೋಲು ತಟತಟ ಕುಣಿದು ಮೈತುಂಬ ಗೀರು ಮಾಡಿಕೊಂಡಿತು. ಎರಡನೆಯದು ಹಾರಿ ಗೋಡೆಗೆ ಬಡಿಯಿತು.

"ನಾ ಹೇಳಿದ್ನಿಲ್ಲೋ?" ಎಂದು ಚನ್ನವೀರಪ್ಪ ಬೋಲ್ಟುಗಳನ್ನು ಇನ್ನಷ್ಟು ಬಿಗಿದರು. ನಾನು ಇನ್ನಷ್ಟು ತಿರುಚಿಕೊಂಡೆ. ದಿನವೂ ಒಂದು ಕೋಲು ಕೆಡುವುದು, ದಿನವೂ ಅವರು ಬೋಲ್ಟು ತಿರುಗಿಸುವ ಪಾನಾ ತಂದು ಬಿಗಿಯುವುದು. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ನಾಗಲಿಂಗಪ್ಪನವರ ಮೇಲೆ, ಕೊನೆಗೆ ನನಗೆ ನನ್ನ ಮೇಲೆಯೇ. ಆರನೆಯ ಕೋಲು ಸೀಳಿದ ದಿನ ಅವರು ಗುಜರಿಯವನಿಗೆ ಫೋನು ಮಾಡಿ, ಸೋಮವಾರ ಬಾ ಎಂದರು. ಸುನಂದಾ ಸೀಳಿದ ಕೋಲುಗಳನ್ನೆಲ್ಲ ಆರಿಸಿ, ಗಂಗೂನ ತಾಯಿಗೆ ಕಾಣದಂತೆ ಗೋಣಿಚೀಲದಡಿ ಮುಚ್ಚಿದರು. ಹೋಗುವಾಗ ನನ್ನ ಮೇಲಿನ ಹೊಟ್ಟನ್ನು ಸೆರಗಿನಿಂದ ಒರೆಸಿದರು. ಅದೂ ನನಗೆ ಬೀಳ್ಕೊಡುಗೆಯಂತೆಯೇ ಕಂಡಿತು.

ಶನಿವಾರ ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಪರಿಚಿತ ಧೋತರ ಕಂಡಿತು. ಗದಗಿನಿಂದ ಬಸ್ಸು ಹಿಡಿದು ನಾಗಲಿಂಗಪ್ಪ ಬಂದಿದ್ದರು. ಸುನಂದಾ ಕೊಟ್ಟ ನೀರನ್ನು ಕುಡಿಯದೆ ನೇರ ನನ್ನ ಹತ್ತಿರ ಬಂದು ಬೋಲ್ಟುಗಳನ್ನು ಮುಟ್ಟಿದರು.

"ಇಷ್ಟ್ಯಾಕ ಬಿಗದೀರಿ, ಸಾಹೇಬ್ರ? ಓಡಿ ಹೋಗ್ತೈತೇನು?"

"ನೀವ ಹೇಳ್ರಿ, ಇದಕ್ಕೇನಾಗೇತಿ ಅಂತ," ಎಂದರು ಚನ್ನವೀರಪ್ಪ ಬಿರುಸಾಗಿ.

ನಾಗಲಿಂಗಪ್ಪ ಪೇಪರಿನಲ್ಲಿ ಸುತ್ತಿದ ಒಂದು ತುಂಡನ್ನು ತೆಗೆದರು. ಕಪ್ಪಗೆ, ಚಪ್ಪಟೆಯಾಗಿ ಕೂತುಹೋಗಿದ್ದ ತೊಗಲು.

"ಇದರ ಒಂದ ಕಾಲು ಹುಟ್ಟಾನ ಗಿಡ್ಡ ಐತಿ, ತಂಗಿ," ಎಂದು ಸುನಂದಾ ಅವರಿಗೆ ಹೇಳಿದರು. "ಕಟಗಿ ಇಟ್ಟೆ, ಸೀಳತು. ರಬ್ಬರ ಇಟ್ಟೆ, ಕುಣೀತು. ಕಡೀಕ ನನ್ನ ಚಪ್ಪಲಿ ಅಟ್ಟಿ ಕೊಯ್ದು ಇಟ್ಟೆ. ಅದ ಕುಂತತು. ಪೂಜಿ ಮಾಡೋ ಮಷೀನಿನ ಬುಡಕ ಚಪ್ಪಲಿ! ಯಾರ ಮುಂದ ಹೇಳ್ಲಿ? ಮೂರ ಕಾಲಿಗೆ ಕುಂಕುಮ ಹಚ್ಚಿ ನಾಲ್ಕನೇದಕ್ಕ ಕೈ ಬರ್ತಿರಲಿಲ್ಲ. ನೀವು ಎತ್ತಿಸುವಾಗ ಕಂಡ್ರ ಏನಂದೀರಿ ಅಂತ ಮೊದಲ ತಗದಿಟ್ಟೆ. ಹೊಸಾ ನೆಲದಾಗ ಸರಿ ಹೋದೀತು ಅಂದ್ಕೊಂಡೆ. ಆದ್ರ ಊಟಕ್ಕ ಕುಂತ್ರ ನಾನ ಒಂದ ಕಡೆ ವಾಲಿ ಕುಂತಂಗ ಆಗತಿತ್ತು."

ಚನ್ನವೀರಪ್ಪ ಪಾನಾ ತಂದು ಮೊಣಕಾಲೂರಿ ಕುಳಿತರು. ಒಂದೊಂದು ಬೋಲ್ಟು ಸಡಿಲವಾದಂತೆ ನನ್ನ ಮೈ ತನ್ನಷ್ಟಕ್ಕೆ ನೆಟ್ಟಗಾಯಿತು. ತೊಗಲು ಮತ್ತೆ ಕಾಲಡಿಗೆ ಸೇರಿತು, ಅದೇ ಮೆತ್ತನೆ. ಬೋಲ್ಟುಗಳನ್ನು ಈ ಸಲ ಹದವಾಗಿ, ಬೆರಳಿನ ಬಲದಿಂದಷ್ಟೇ ತಿರುಗಿಸಿದರು. ಮೊನೆಗೆ ಮೊನೆ ಕೂಡಿತು. ಸುನಂದಾ ಏಳನೆಯ ಕೋಲನ್ನು ಏರಿಸಿದರು. ಉಳಿ ತಾಗಿದಾಗ ಸಿಪ್ಪೆ ಮುರಿಯದೆ, ಶ್ಯಾವಿಗೆಯ ಎಳೆಯಂತೆ ಉದ್ದಕ್ಕೆ ಬಂತು.

ಊಟ ಮಾಡಿಸಿಯೇ ನಾಗಲಿಂಗಪ್ಪನವರನ್ನು ಕಳಿಸಿದರು. ಚನ್ನವೀರಪ್ಪ ಬಸ್ ನಿಲ್ದಾಣದಿಂದ ಬಂದು ಹೆಂಡತಿಗೆ ಹೇಳುವುದು ಕೇಳಿಸಿತು: "ಕಿಡಕಿ ಬಾಜೂಕ ಕುಂಡ್ರಿಸಿ ಬಂದೆ. ಹೊರಗ ನೋಡಕೋತ ಹೋಗಲಿ." ಸೋಮವಾರ ಗುಜರಿಯವನು ಬಂದಾಗ ಅವನಿಗೆ ಸಿಕ್ಕಿದ್ದು ಆರು ಹಳೆಯ ಡಬ್ಬಿ ಮಾತ್ರ.

ಆ ವರ್ಷದ ಖಂಡೇಪೂಜೆಯಲ್ಲಿ ಸುನಂದಾ ನನ್ನ ಮೂರು ಕಾಲಿಗೆ ಕುಂಕುಮ ಹಚ್ಚಿ ನಾಲ್ಕನೆಯದರ ಹತ್ತಿರ ತಡೆದರು. ಇವರೂ ಅಷ್ಟೇ ಎಂದುಕೊಂಡೆ. ಅವರು ನಿಂತದ್ದು ಮಂಡಿನೋವಿಗೆ. ಮೆಲ್ಲಗೆ ನೆಲಕ್ಕೆ ಕುಳಿತು, ನಾಲ್ಕನೆಯ ಕಾಲಿಗೆ ಹಚ್ಚಿದರು. ಆಮೇಲೆ ಅದರಡಿಯಿಂದ ಇಣುಕುತ್ತಿದ್ದ ತೊಗಲಿನ ಅಂಚಿಗೂ ಒಂದು ಬೊಟ್ಟು ಇಟ್ಟರು. ಹೊರಗೆ ಹಿತ್ತಲಲ್ಲಿ ಪಾಂಗುಳಗಾಡಿ ಕಿರ್ರೆನ್ನುತ್ತ ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು.

ಈಗ ನನ್ನ ಮೋಟಾರು ಸುಟ್ಟು ವರ್ಷಗಳಾದವು. ಶೆಡ್ಡಿನ ಮೂಲೆಯಲ್ಲಿ ನನ್ನ ಮೇಲೆ ಬಣ್ಣದ ಡಬ್ಬಿಗಳಿವೆ. ಬಾಗಿಲಲ್ಲಿ ಹೊಸ ಕಾಲು ಕಂಡರೆ ಗುಜರಿಯವನೇ ಇರಬೇಕೆಂದು ಈಗಲೂ ಮೈ ಬಿಗಿಯುತ್ತೇನೆ. ಆ ಗುಣ ಹೋಗಿಲ್ಲ. ಆದರೆ ಯಾರಾದರೂ ಏನನ್ನಾದರೂ ಬಚ್ಚಿಟ್ಟರೆ, ಅದು ನನ್ನನ್ನು ನೆಟ್ಟಗೆ ನಿಲ್ಲಿಸಿದ ಚೂರಿನಂಥದ್ದೇ ಇರಬಹುದೇನೋ ಎಂದು ಒಂದು ಕ್ಷಣ ಕಾಯುತ್ತೇನೆ.